ಮೇಷ್ಟ್ರು ಕ್ಲಬ್ ಸೇರಿದ ಸುದ್ದಿ

ಹದಿನೈದು ದಿನದೊಳಗೆ ಇಂಗ್ಲಿಷನ್ನು ನೆಲಕ್ಕೆ ಕೆಡವಿ ಅದರ ಎದೆಯ ಮೇಲೆ ಕೂರುತ್ತೇನೆ ಎಂದು ತಿಮ್ಮೇಶ್ ಮೇಷ್ಟ್ರು ಘೋಷಿಸಿದಾಗ ಅವರ ಹೆಂಡತಿ ಜ್ಯೋತಿಲಕ್ಷ್ಮಿ ಹುಣಸೆಹಣ್ಣು ಕಿವುಚುತ್ತಿದ್ದಳು. ಘೋಷಣೆ ಕೇಳಿ ಅವಳ ಕೈಯೇನೂ ನಿಲ್ಲಲಿಲ್ಲ.

“ಹೋದ ವರ್ಷ ಹಾರ್ಮೋನಿಯಂಗೂ ಹದಿನೈದೇ ದಿನ ಅಂದಿದ್ರಿ,” ಎಂದಳು.

“ಅದು ಸಂಗೀತ ಕಣೇ. ಇದು ಸರ್ಕಾರಿ ಕೆಲಸ.”

ಸರ್ಕಾರಿ ಕೆಲಸವೇ ಹೌದು. ಅದು ಎರಡು ಸಾವಿರದ ಎರಡನೇ ಇಸವಿಯ ಜೂನ್ ತಿಂಗಳು. ಶೆಟ್ಟಿಕೆರೆಯಿಂದ ಎರಡು ಮೈಲಿ ಒಳಗಿದ್ದ ಊರಿನ ಶಾಲೆಯಲ್ಲಿ ತಿಮ್ಮೇಶ್ ಮೇಷ್ಟ್ರು ಹನ್ನೊಂದು ವರ್ಷದಿಂದ ಗಣಿತ, ಸಮಾಜ, ವಿಜ್ಞಾನ ಎಲ್ಲವನ್ನೂ ಕಲಿಸುತ್ತಿದ್ದರು. ಇಂಗ್ಲಿಷನ್ನೂ ಕಲಿಸುತ್ತಿದ್ದರು, ಕನ್ನಡದಲ್ಲಿ. ಇನ್ನು ಮೇಲೆ ಹಾಗೆ ನಡೆಯದು, ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡಬೇಕಾದರೆ ಮೊದಲು ಮೇಷ್ಟ್ರುಗಳು ಬಾಯಿ ಬಿಡಬೇಕು ಎಂದು ಚಿಕ್ಕನಾಯಕನಹಳ್ಳಿಯಲ್ಲಿ ತರಬೇತಿ ಶುರುವಾಯಿತು. ತರಬೇತಿ ಕೊಡುವವರು ಗಿರಿಜಾಂಬಿಕಾ ಮೇಡಂ. ಒಬ್ಬೊಬ್ಬರೂ ಒಂದೊಂದು ವಿಷಯದ ಮೇಲೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಸಂಭಾಷಣೆ ನಡೆಸಿ ತೋರಿಸಬೇಕು, ಜೊತೆಗೆ ಮಾತಾಡುವವರನ್ನು ಅವರವರೇ ಹುಡುಕಿಕೊಂಡು ಬರಬೇಕು, ತಡವರಿಸಿದವರು ದಸರಾ ರಜೆಯಲ್ಲಿ ಮತ್ತೆ ಬಂದು ಕೂರಬೇಕು ಎಂದು ಹೇಳಿ ಮೇಡಂ ಚೀಟಿ ಎತ್ತಿಸಿದರು. ಒಬ್ಬರಿಗೆ ಸಂತೆ ಬಂತು, ಇನ್ನೊಬ್ಬರಿಗೆ ಆಸ್ಪತ್ರೆ, ಮತ್ತೊಬ್ಬರಿಗೆ ಬಸ್ ನಿಲ್ದಾಣ. ತಿಮ್ಮೇಶ್ ಮೇಷ್ಟ್ರಿಗೆ ಫುಟ್‌ಬಾಲ್ ಬಂತು.

ಮೇಷ್ಟ್ರು ಜನ್ಮದಲ್ಲಿ ಫುಟ್‌ಬಾಲ್ ಮುಟ್ಟಿದವರಲ್ಲ. ಆಡಿದ್ದು ಕಬಡ್ಡಿ, ಅದೂ ಪೀಪಿ ಊದುವ ಕಡೆಯಿಂದ. ಆ ತಿಂಗಳು ವಿಶ್ವಕಪ್ ನಡೆಯುತ್ತಿದ್ದುದರಿಂದ ಭಾನುವಾರ ಮಧ್ಯಾಹ್ನ ಪಕ್ಕದ ಮನೆ ಚಿಕ್ಕಗೌರಮ್ಮನವರ ಟೀವಿಯ ಮುಂದೆ ಅರ್ಧ ಗಂಟೆ ಕೂತು ನೋಡಿ ಬಂದರು. ಬಂದವರೇ, “ಎಲ್ಲಾ ಕಬಡ್ಡೀನೇ. ಉಸಿರು ಬಿಡಬಹುದು, ಅಷ್ಟೇ ವ್ಯತ್ಯಾಸ,” ಎಂದು ತೀರ್ಪು ಕೊಟ್ಟರು.

ಮಿಕ್ಕ ಜ್ಞಾನಕ್ಕೆ ತರಬೇತಿಯಲ್ಲಿ ಕೊಟ್ಟ ನಲವತ್ತು ಪುಟದ ಪುಸ್ತಿಕೆ ಇತ್ತು. ಅದರಲ್ಲಿ ಕ್ಲಬ್ ಎಂದರೆ ಆಟಗಾರರನ್ನು ಕೊಂಡು ಮಾರುವ ತಂಡ ಎಂಬಂಥ ಫುಟ್‌ಬಾಲಿನ ಪದಗಳು, ಆಟಕ್ಕೆ ಮುಂಚಿನ ಮಾತು, ಆಟದ ನಡುವಿನ ಮಾತು, ಸೋತ ಮೇಲಿನ ಮಾತು ಎಲ್ಲವೂ ಇದ್ದವು. ಜೊತೆಗೆ ಮಾತಾಡಲು ಜ್ಯೋತಿಲಕ್ಷ್ಮಿ ಇದ್ದಳು. ಅವಳು ತುರುವೇಕೆರೆಯಲ್ಲಿ ಪಿಯುಸಿ ಮುಗಿಸಿದ್ದವಳು. ಅಭ್ಯಾಸಕ್ಕೆ ಇವಳು ಸಾಕು, ಕಷ್ಟದ ಪದ ಬಂದರೆ ನಾನೇ ಬಿಡಿಸಿ ಹೇಳಿದರಾಯಿತು ಎಂದು ಮೇಷ್ಟ್ರು ದೊಡ್ಡ ಮನಸ್ಸು ಮಾಡಿದರು.

ಕಾನೂನು ಫುಟ್‌ಬಾಲಿನ ಮಾದರಿಯಲ್ಲೇ ಅವರೇ ಬರೆದರು. ದಿನಾ ಸಾಯಂಕಾಲ ಐದರಿಂದ ಆರರವರೆಗೆ ಮನೆಯೊಳಗೆ ಬರೀ ಇಂಗ್ಲಿಷ್. ಕನ್ನಡ ಬಾಯಿಗೆ ಬಂದರೆ ಹಳದಿ ಕಾರ್ಡ್. ಎರಡು ಸಲ ಹಳದಿ ಬಂದರೆ ಕೆಂಪು ಕಾರ್ಡ್. ಕೆಂಪು ಕಾರ್ಡ್ ಬಂದವರು ಆರು ಗಂಟೆಯವರೆಗೆ ಮನೆಯಿಂದಾಚೆ ಜಗಲಿ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಯಾರದೋ ಮದುವೆ ಕರೆಯೋಲೆಯಿಂದ ಹಳದಿಯನ್ನೂ, ಊದಿನಕಡ್ಡಿ ಡಬ್ಬದಿಂದ ಕೆಂಪನ್ನೂ ಕತ್ತರಿಸಿ ಎರಡು ಜೊತೆ ಮಾಡಿದರು. ಒಂದು ಜೊತೆ ಹೆಂಡತಿಯ ಕೈಗೆ ಕೊಟ್ಟು, “ನಿಂಗಿದು ಬೇಕಾಗಲ್ಲ, ಆದ್ರೂ ಇಟ್ಕೋ,” ಎಂದರು.

ಮೊದಲ ದಿನ ಐದೂ ಹತ್ತಕ್ಕೆ ಹಾಲು ಉಕ್ಕಿತು. “ಅಯ್ಯೋ, ಹಾಲು ಕಣೇ,” ಎಂದರು ಮೇಷ್ಟ್ರು. ಜ್ಯೋತಿಲಕ್ಷ್ಮಿ ಒಂದು ಕೈಯಲ್ಲಿ ಪಾತ್ರೆ ಇಳಿಸಿ ಇನ್ನೊಂದು ಕೈಯಲ್ಲಿ ಹಳದಿ ಕಾರ್ಡ್ ಎತ್ತಿ ತೋರಿಸಿದಳು.

ಐದೂ ಮುಕ್ಕಾಲಿಗೆ ಕೊಟ್ಟಿಗೆಯಲ್ಲಿ ಕರು ಹಗ್ಗ ಬಿಚ್ಚಿಕೊಂಡು ತಾಯಿಯ ಹತ್ತಿರ ಹೋಯಿತು. ಮೇಷ್ಟ್ರು ಕಿಟಕಿಯಿಂದ ನೋಡಿದರು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ ಪುಸ್ತಿಕೆಯಲ್ಲಿ ಇದಕ್ಕೆ ಹತ್ತಿರವಿದ್ದ ವಾಕ್ಯವನ್ನೇ ಹಿಡಿದುಕೊಂಡು, “ಹೀ ಈಸ್ ಅಲೋನ್ ಇನ್ ಫ್ರಂಟ್ ಆಫ್ ದ ಗೋಲ್,” ಎಂದರು.

“ಹೂ?” ಎಂದಳು ಜ್ಯೋತಿಲಕ್ಷ್ಮಿ.

“ಹೀ, ಹೀ,” ಎಂದು ಮೇಷ್ಟ್ರು ಕುಣಿದರು. ಹೆಂಡತಿ ಬಾಗಿಲು ನೋಡಿದಳು, ಅಟ್ಟ ನೋಡಿದಳು. ಅಷ್ಟರಲ್ಲಿ ಕರು ಅರ್ಧ ಕೆಚ್ಚಲು ಖಾಲಿ ಮಾಡಿತ್ತು. “ಕರು ಬಿಚ್ಕಂಡೈತೆ ಕಣೇ, ಹಾಲೆಲ್ಲಾ ಹೋಯ್ತು,” ಎಂದು ಮೇಷ್ಟ್ರು ಕಡೆಗೂ ಕನ್ನಡಕ್ಕೆ ಬಂದರು. ಜ್ಯೋತಿಲಕ್ಷ್ಮಿ ಮೊದಲು ಕರು ಕಟ್ಟಿ ಬಂದಳು. ಆಮೇಲೆ ಕೆಂಪು ಕಾರ್ಡ್ ತೋರಿಸಿ, “ಗೋ ಔಟ್,” ಎಂದಳು.

ಜಗಲಿಯಲ್ಲಿ ಮೇಷ್ಟ್ರ ತಾಯಿ ತಿಮ್ಮಕ್ಕ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಮಗ ತಲೆ ತಗ್ಗಿಸಿಕೊಂಡು ಬಂದು ಪಕ್ಕದಲ್ಲಿ ಕೂತ.

“ಯಾಕ್ಲಾ ಮಗ, ಆಚೆ ಬಂದೆ?”

ಆರು ಗಂಟೆ ಆಗಿರಲಿಲ್ಲ. ಮಗ ಬಾಯಿ ಮೇಲೆ ಬೆರಳಿಟ್ಟುಕೊಂಡ.

ಇದು ದಿನಾ ನಡೆಯತೊಡಗಿತು. ತಿಮ್ಮಕ್ಕನ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. ಐದು ಗಂಟೆಯಾದರೆ ಒಳಗಿನಿಂದ ಗಂಡ ಹೆಂಡತಿಯ ಜೋರು ಮಾತು ಕೇಳುತ್ತಿತ್ತು. ಅದರಲ್ಲಿ ಕೆಲವು ಪದ ಮಾತ್ರ ಅವಳಿಗೆ ಗೊತ್ತು. ಕ್ಲಬ್ ಗೊತ್ತು, ಪೇಟೆಯಲ್ಲಿ ಬಾಗಿಲು ಹಾಕಿಕೊಂಡು ಇಸ್ಪೀಟ್ ಆಡುವ ಜಾಗ. ಕಾರ್ಡ್ ಗೊತ್ತು, ಅಲ್ಲಿ ಕೈಯಲ್ಲಿ ಹಿಡಿಯುವುದು. ಲಾಸ್ ಅಂತೂ ತೆಂಗು ಬೆಳೆದವರಿಗೆಲ್ಲ ಗೊತ್ತು. “ಯು ಲಾಸ್ಟ್ ಯೆಸ್ಟರ್ಡೇ, ಯು ಲಾಸ್ಟ್ ಟುಡೇ,” ಎಂದು ಸೊಸೆ ಹೇಳುವುದು, ಆಮೇಲೆ “ಗೋಲ್, ಗೋಲ್” ಎಂದು ಕೂಗುವುದು, ಆಮೇಲೆ ಮಗ ಆಚೆ ಬರುವುದು. ಆ ಕೂಗು ತಿಮ್ಮಕ್ಕನ ಕಿವಿಗೆ ಗೋಳು, ಗೋಳು ಎಂದೇ ಬೀಳುತ್ತಿತ್ತು.

ನಾಲ್ಕನೇ ದಿನ ಆರು ಹೊಡೆದ ಮೇಲೆ ಅವಳು ಮಗನನ್ನು ಹಿಡಿದು ಕೂರಿಸಿದಳು. “ಏನ್ಲಾ ಅದು ಕಾರ್ಡು?”

“ಅದೊಂದು ಆಟದ ವಿಷಯ ಕಣವ್ವ.”

“ಕ್ಲಬ್ಬು?”

“ಅದೂ ಆಟದ್ದೇ. ನಿಂಗರ್ಥ ಆಗಲ್ಲ ಬುಡು.”

ಇಂಗ್ಲಿಷ್ ಕಲಿಯುವವರಿಗೆ ಬರುವ ಮೊದಲ ರೋಗ ಇದು. ಎರಡು ವಾಕ್ಯ ಬಂದ ಕೂಡಲೇ ಮಿಕ್ಕವರಿಗೆ ಏನೂ ಅರ್ಥವಾಗುವುದಿಲ್ಲ ಅನಿಸಿಬಿಡುತ್ತದೆ. ತಿಮ್ಮಕ್ಕ ಎದ್ದು ಸೀದಾ ಚಿಕ್ಕಗೌರಮ್ಮನವರ ಮನೆಗೆ ಹೋಗಿ ತುರುವೇಕೆರೆಗೆ ಫೋನು ಹಚ್ಚಿಸಿದಳು. ಆ ಕಡೆ ಎತ್ತಿದವರು ಜ್ಯೋತಿಲಕ್ಷ್ಮಿಯ ತಂದೆ ಗಂಗಣ್ಣ.

“ಬೀಗ್ರೇ, ನಾನು ತಿಮ್ಮಕ್ಕ ಕಣ್ರೀ. ಹೆಂಗೇಳಾದು ಅಂತಾನೇ ಗೊತ್ತಾಗ್ತಿಲ್ಲ. ನಿಮ್ಮಳಿಯ ಕ್ಲಬ್ ಸೇರವ್ನೆ.”

“ಮೇಷ್ಟ್ರಾ? ಬೀಡಿ ಸೇದಲ್ವಲ್ರೀ ಅವರು.”

“ಬೀಡಿ ಬುಡಿ, ಕಾರ್ಡಾಡ್ತಾವ್ನೆ. ದಿನಾ ಲಾಸು. ನಿಮ್ಮ ಮಗಳು ಅವನ್ನ ಆಚೆ ತಳ್ತಾಳೆ. ಸಾಯಂಕಾಲ ಆದ್ರೆ ಸಾಕು, ಗೋಳು ಗೋಳು ಅಂತ ಕೂಗ್ತಾಳೆ. ಕಿವೀಲಿ ಕೇಳಕಾಗಲ್ಲ.”

ಶನಿವಾರ ಸಾಯಂಕಾಲ ಗಂಗಣ್ಣ ತಿಪಟೂರಿನಲ್ಲಿ ಬಸ್ಸು ಬದಲಾಯಿಸಿ ಬಂದಿಳಿದರು. ಒಬ್ಬರೇ ಬರಲಿಲ್ಲ. ನ್ಯಾಯ ಹೇಳುವುದರಲ್ಲಿ ಹೆಸರಾದ ತಮ್ಮ ಹೆಂಡತಿಯ ಅಕ್ಕ, ಅಂದರೆ ಜ್ಯೋತಿಲಕ್ಷ್ಮಿಯ ದೊಡ್ಡವ್ವ ಭೂತಮ್ಮನನ್ನೂ ಕರೆತಂದಿದ್ದರು. ಅವರು ಜಗಲಿ ಹತ್ತುವಾಗ ಐದೂಕಾಲು. ತಿಮ್ಮಕ್ಕ ಮುಚ್ಚಿದ ಬಾಗಿಲ ಕಡೆ ಕೈ ತೋರಿಸಿದಳು. ಮೂವರೂ ಕಿವಿಗೊಟ್ಟು ನಿಂತರು.

ಸಂಭಾಷಣೆಯ ದಿನ ಸೋಮವಾರವೇ ಇದ್ದುದರಿಂದ ಒಳಗೆ ಮೇಷ್ಟ್ರು ಸೋತ ಮೇಲಿನ ಮಾತನ್ನು ಭಾವ ತುಂಬಿ ಒಪ್ಪಿಸುತ್ತಿದ್ದರು. “ವಿ ಲಾಸ್ಟ್. ವಿ ಲಾಸ್ಟ್ ಎವ್ರಿಥಿಂಗ್. ನೌ ದ ಕ್ಲಬ್ ವಿಲ್ ಸೆಲ್ ಮಿ,” ಎಂದು ಅಳುವ ದನಿ ತೆಗೆದರು.

“ಡೋಂಟ್ ಕ್ರೈ,” ಎಂದಳು ಜ್ಯೋತಿಲಕ್ಷ್ಮಿ. “ಪ್ಲೇ ಅಗೇನ್ ಟುಮಾರೋ.”

ಗಂಗಣ್ಣನವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕಲಿತದ್ದು. ಲೋಡು, ರೇಟು, ಲಾಸು, ಸೇಲು, ಟುಮಾರೋ. ಅಷ್ಟರಲ್ಲೇ ಅವರು ಪೂರ್ತಿ ಅರ್ಥ ಮಾಡಿಕೊಂಡರು. ಮುಖ ಬಿಳಿಚಿಕೊಂಡಿತು.

“ಎಲ್ಲಾ ಲಾಸಾಯ್ತಂತೆ,” ಎಂದರು ಮೆಲ್ಲಗೆ. “ಕ್ಲಬ್ಬಿಗೆ ಸೇಲ್ ಮಾಡವ್ರಂತೆ. ತೋಟ ಹೋಯ್ತು ಅಂತ ಕಾಣ್ತದೆ.”

“ನಮ್ಮುಡುಗಿ ಏನಂದ್ಲು?” ಎಂದಳು ಭೂತಮ್ಮ.

“ನಾಳೆ ಮತ್ತೆ ಆಡು ಅಂದ್ಲು.”

“ಅಂದ್ರೆ ಇವ್ಳೂ ಸೇರ್ಕಂಡವ್ಳೆ.” ಭೂತಮ್ಮ ಬಾಗಿಲು ತಳ್ಳಿದಳು.

ತಲೆ ಮೇಲೆ ಕೈ ಹೊತ್ತು ಕೂತಿದ್ದ ಮೇಷ್ಟ್ರು ಮಾವನನ್ನು ಕಂಡು ಸಂತೋಷದಿಂದ ಎದ್ದರು. ಆ ಸಂತೋಷವನ್ನು ಕಂಡು ಭೂತಮ್ಮನಿಗೆ ಇನ್ನೂ ಸಿಟ್ಟು ಬಂತು. ತೋಟ ಯಾರಿಗೆ ಬರೆದುಕೊಟ್ಟೆ, ಎಷ್ಟು ದಿನದಿಂದ ಈ ಚಾಳಿ, ಮನೆ ಹೆಣ್ಣುಮಗಳನ್ನೂ ಕೂರಿಸಿಕೊಂಡು ಆಡುವಷ್ಟು ಕೆಟ್ಟೆಯಾ ಎಂದು ಒಂದರ ಹಿಂದೆ ಒಂದು ಕೇಳಿದಳು. ಮೇಷ್ಟ್ರು ಮೂರನೇ ಪ್ರಶ್ನೆಯ ಹೊತ್ತಿಗೆ ಇದು ಯಾವ ವಿಷಯ ಎಂದು ತಿಳಿದುಕೊಂಡರು.

“ದೊಡ್ಡಮ್ಮ, ಇದು ಫುಟ್‌ಬಾಲು. ಇಂಗ್ಲಿಷ್ ಕಲೀತಾ ಇದ್ದೀವಿ.”

“ಫುಟ್‌ಬಾಲು ಅಂದ್ರೆ ಚೆಂಡಾಟ ತಾನೇ? ಚೆಂಡೆಲ್ಲಿ?”

ಮೇಷ್ಟ್ರು ಸುಮ್ಮನೆ ಒಮ್ಮೆ ಮನೆಯೆಲ್ಲ ನೋಡಿದರು. “ಚೆಂಡಿಲ್ಲ.”

“ಕಾರ್ಡೈತಾ?”

ಕಾರ್ಡುಗಳು ಅಂಗಿ ಜೇಬಿನಿಂದ ಇಣುಕುತ್ತಿದ್ದವು. “ಐತೆ,” ಎಂದರು ಮೇಷ್ಟ್ರು.

ಜ್ಯೋತಿಲಕ್ಷ್ಮಿ ಬಿಡಿಸಿ ಹೇಳಲು ಬಾಯಿ ತೆರೆದಳು. ಆದರೆ ನಗು ಬಂದುಬಿಟ್ಟಿತು, ಮಾತು ಬರಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುವುದನ್ನು ನೋಡಿ ಗಂಗಣ್ಣ, “ಅಳಬೇಡ ಕಣವ್ವ, ನಾನು ಬಂದಿದ್ದೀನಿ,” ಎಂದು ಕಣ್ಣೊರೆಸಿಕೊಂಡರು. ಇನ್ನು ಮಾತಿನಿಂದ ಆಗುವುದಿಲ್ಲ, ಆಡಿಯೇ ತೋರಿಸಬೇಕು ಎಂದು ಮೇಷ್ಟ್ರಿಗೆ ಅನಿಸಿತು. ಅಂಗಳಕ್ಕೆ ಇಳಿದರು. ಮೂಲೆಯಲ್ಲಿ ಸುಲಿಯದ ತೆಂಗಿನಕಾಯಿಯ ರಾಶಿ ಇತ್ತು. ಅದರಲ್ಲಿ ದುಂಡಗಿದ್ದುದೊಂದನ್ನು ಆರಿಸಿ ನಡುವೆ ಇಟ್ಟು, “ನೋಡಿ ಮಾವ, ಇದು ಫ್ರೀ ಕಿಕ್,” ಎಂದು ಹತ್ತು ಹೆಜ್ಜೆ ಹಿಂದೆ ಹೋಗಿ ಓಡಿಬಂದು ಬರಿಗಾಲಲ್ಲಿ ಒದ್ದರು.

ಕಾಯಿ ಎರಡು ಗಜ ಉರುಳಿ ನಿಂತಿತು. ಮೇಷ್ಟ್ರು ಅಷ್ಟು ದೂರವೂ ಹೋಗಲಿಲ್ಲ, ಒದ್ದ ಜಾಗದಲ್ಲೇ ಹೆಬ್ಬೆರಳು ಹಿಡಿದುಕೊಂಡು ಕೂತರು.

ಅದೇ ಹೊತ್ತಿಗೆ ಮನೆ ಮುಂದೆ ಸ್ಕೂಟರ್ ನಿಂತಿತು. ಸೋಮವಾರದ ಕಾರ್ಯಕ್ರಮ ಮಧ್ಯಾಹ್ನದ ಬದಲು ಬೆಳಿಗ್ಗೆಯೇ ಇದೆ ಎಂದು ಹೇಳಿಹೋಗಲು ಗಿರಿಜಾಂಬಿಕಾ ಮೇಡಂ ಬಂದಿದ್ದರು. ಅಂಗಳದಲ್ಲಿ ಕೂತ ಮೇಷ್ಟ್ರನ್ನೂ ಸುತ್ತ ನಿಂತವರನ್ನೂ ನೋಡಿ, “ವಾಟ್ ಹ್ಯಾಪನ್ಡ್, ಮಿಸ್ಟರ್ ತಿಮ್ಮೇಶ್?” ಎಂದರು.

ಇದಕ್ಕೆ ಉತ್ತರ ಪುಸ್ತಿಕೆಯಲ್ಲಿ ಇತ್ತು. ಪೆಟ್ಟಾದಾಗ ಆಟಗಾರ ಹೇಳಬೇಕಾದ ಮಾತನ್ನು ಮೇಷ್ಟ್ರು ನಲವತ್ತು ಸಲ ಉರು ಹೊಡೆದಿದ್ದರು. ಆದರೆ ಬಾಯಿಗೆ ಬಂದದ್ದು, “ಅವ್ವಾ, ಸತ್ತೆ,” ಎಂಬ ಎರಡು ಮಾತು.

“ಹೀ ಕಿಕ್ಡ್ ಎ ಕೋಕೋನಟ್, ಮೇಡಂ,” ಎಂದಳು ಜ್ಯೋತಿಲಕ್ಷ್ಮಿ ಸೆರಗು ತೆಗೆದು. ಅಲ್ಲಿಂದ ಮುಂದೆ ಅವಳು ನಿಲ್ಲಲಿಲ್ಲ. ಅತ್ತೆ ಇಸ್ಪೀಟ್ ಎಂದುಕೊಂಡದ್ದು, ಅಪ್ಪ ತೋಟ ಹೋಯಿತೆಂದು ಅತ್ತದ್ದು, ದೊಡ್ಡವ್ವ ಚೆಂಡು ಕೇಳಿದ್ದು, ಮನೆಯಲ್ಲಿ ಚೆಂಡಿಲ್ಲದ್ದು, ಎಲ್ಲವನ್ನೂ ಆರೇಳು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಿ, ಕೊನೆಗೆ, “ಪ್ಲೀಸ್ ಕಮ್ ಇನ್, ಮೇಡಂ. ಡ್ರಿಂಕ್ ಎಳನೀರು,” ಎಂದಳು. ಎಳನೀರಿಗೆ ಮಾತ್ರ ಇಂಗ್ಲಿಷ್ ಸಿಗಲಿಲ್ಲ. ಮೇಡಂ ಸ್ಕೂಟರಿನ ಮೇಲೆ ಕೈಯೂರಿಕೊಂಡು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಹಿರಿಯರಿಗೆ ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದರು.

ಗಂಗಣ್ಣ ತೋಟ ಇರುವುದನ್ನು ಹಿತ್ತಲ ಬಾಗಿಲಿಂದ ಒಮ್ಮೆ ನೋಡಿಬಂದರು. ಭೂತಮ್ಮ ನ್ಯಾಯ ಹೇಳಲು ಬಂದ ತಪ್ಪಿಗೆ ಎಳನೀರು ತಾನೇ ಕೊಚ್ಚಿಕೊಟ್ಟಳು. ತಿಮ್ಮಕ್ಕ ಅರಿಸಿನ ಎಣ್ಣೆ ಬಿಸಿ ಮಾಡಿಕೊಂಡು ಬಂದು ಮಗನ ಹೆಬ್ಬೆರಳಿಗೆ ಹಚ್ಚತೊಡಗಿದಳು.

“ಏನವ್ವ ನೀನು, ಒಂದು ಮಾತು ಕೇಳಬಾರ್ದಿತ್ತಾ?” ಎಂದರು ಮೇಷ್ಟ್ರು.

“ಕೇಳಿದ್ನಲ್ಲಪ್ಪ. ನಿಂಗರ್ಥ ಆಗಲ್ಲ ಅಂದೆ. ಅದಕ್ಕೆ ನಂಗೆ ತಿಳಿದಂಗೆ ಅರ್ಥ ಮಾಡ್ಕಂಡೆ ಕಣ್ಲಾ.”

ಮೇಷ್ಟ್ರು ಜೇಬಿನಿಂದ ಹಳದಿ ಕಾರ್ಡ್ ತೆಗೆದು ತಮಗೆ ತಾವೇ ತೋರಿಸಿಕೊಂಡರು.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಚಿಕ್ಕನಾಯಕನಹಳ್ಳಿಗೆ ಹೋದರು. ಮೇಷ್ಟ್ರ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಹೆಬ್ಬೆರಳು. ಎಪ್ಪತ್ತು ಜನ ಮೇಷ್ಟ್ರುಗಳ ಎದುರು ಅವರು ಮೂರು ವಾಕ್ಯ ಚೆನ್ನಾಗಿ ಹೇಳಿ ನಾಲ್ಕನೆಯದಕ್ಕೆ ನಿಂತರು. ಜ್ಯೋತಿಲಕ್ಷ್ಮಿ ತನ್ನ ಮಾತನ್ನು ಹೇಳಿದಳು, ಆಮೇಲೆ ಅವರ ಮಾತನ್ನೂ ಹೇಳಿದಳು, ಕೊನೆಗೆ ಸೋತ ಮೇಲಿನ ಅಳುವನ್ನೂ ಅವಳೇ ಅತ್ತು ಮುಗಿಸಿದಳು. ಚಪ್ಪಾಳೆ ನಿಲ್ಲಲು ಹೊತ್ತಾಯಿತು. ದಸರಾ ರಜೆ ಉಳಿಯಿತು. ಮುಂದಿನ ತಂಡಕ್ಕೆ ಮಾತು ಕಲಿಸಲು ನೀವೂ ಬರಬೇಕು ಎಂದು ಮೇಡಂ ಜ್ಯೋತಿಲಕ್ಷ್ಮಿಯನ್ನು ಕರೆದರು. ಮೇಷ್ಟ್ರ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು.

ಸಂಜೆ ಮನೆಗೆ ಬಂದ ಕೂಡಲೇ ತಿಮ್ಮಕ್ಕ, “ಮೇಡಮ್ಮೋರು ನಿಂಗೇನಂದ್ರು ಮಗ?” ಎಂದಳು.

“ಗುಡ್ ಸಬ್‌ಸ್ಟಿಟ್ಯೂಟ್ ಅಂದ್ರು,” ಎಂದರು ಮೇಷ್ಟ್ರು ಎದೆ ಸ್ವಲ್ಪ ಮುಂದೆ ಮಾಡಿ.

“ಹಂಗಂದ್ರೆ?”

“ತಂಡಕ್ಕೆ ಬಹಳ ಬೇಕಾದ ಮನುಷ್ಯ ಅಂತ.”

“ಬದಲಿ ಆಳು ಅಂತ ಕಣತ್ತೆ,” ಎಂದಳು ಅಡಿಗೆಮನೆಯಿಂದ ಜ್ಯೋತಿಲಕ್ಷ್ಮಿ. “ಆಡೋರು ಸುಸ್ತಾದಾಗ ಒಳಗೆ ಕರೀತಾರಲ್ಲ, ಅವರು.”

ತಿಮ್ಮಕ್ಕ ಎದ್ದು ತುರಿಯುವ ಮಣೆ ತಂದು ಮಗನ ಮುಂದೆ ಇಟ್ಟು, ಒಡೆದ ತೆಂಗಿನ ಹೋಳೊಂದನ್ನು ಅವನ ಕೈಗೆ ಕೊಟ್ಟಳು.

“ಬೆಳಗಿಂದ ಇಬ್ಬರ ಮಾತೂ ಆಡಿ ಅವ್ಳು ಸುಸ್ತಾಗವ್ಳೆ. ಕುಂತ್ಕೊ ಮಗ, ಕಾಯಿ ತುರಿ.”

ಮೇಷ್ಟ್ರು ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮುಂದಕ್ಕೆ ಚಾಚಿಕೊಂಡು ಕೂತು ತುರಿಯತೊಡಗಿದರು.