ಕೆಡುವ ಮೊದಲೇ ಬಿಚ್ಚಿಡುವವರು

ಯಾವ ವಸ್ತು ಯಾವಾಗ ಕೆಡುತ್ತದೆ ಎಂದು ನಮ್ಮವರಿಗೆ ಮೊದಲೇ ಗೊತ್ತಾಗುತ್ತಿತ್ತು. ಗೊತ್ತಾದ ಕೂಡಲೇ ಅದನ್ನು ಬಿಚ್ಚಿ ಇಟ್ಟುಬಿಡುತ್ತಿದ್ದರು. ಆದ್ದರಿಂದ ಅವರು ಹೇಳಿದ್ದು ನಿಜವೋ ಸುಳ್ಳೋ ಎಂಬುದು ಹದಿನೇಳು ವರ್ಷದ ಸಂಸಾರದಲ್ಲಿ ನನಗೆ ಒಮ್ಮೆಯೂ ತಿಳಿಯಲಿಲ್ಲ! ಬಿಚ್ಚಿಟ್ಟ ಫ್ಯಾನು ಕೆಡುವುದಾದರೂ ಹೇಗೆ, ನೀವೇ ಹೇಳಿ?

ಅವರು ಹೋಗಿ ಈಗ ನಾಲ್ಕು ತಿಂಗಳು. ಹೋದವರ ಬಗ್ಗೆ ನಗುವ ಹಾಗೆ ಬರೆಯಬಾರದು ಎನ್ನುತ್ತಾರೆ ನಮ್ಮತ್ತಿಗೆ. ಅಳುವ ಹಾಗೆ ಬರೆಯಲು ನಾನೂ ಕೂತು ನೋಡಿದೆ. ಎರಡು ಸಾಲಿಗೆ ಪೆನ್ನು ನಿಂತಿತು. ಅದಕ್ಕೇ ಹೀಗೆ ಬರೆಯುತ್ತಿದ್ದೇನೆ.

ಅವರು ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ನಡೆಸುತ್ತಿದ್ದರು. ಲೇತಿನಲ್ಲಿ ಕಬ್ಬಿಣದ ಸರಳು ತಿರುಗುತ್ತದೆ, ಒಂದು ಪುಟ್ಟ ಗಟ್ಟಿ ತುಂಡು ಅದನ್ನು ಕೆತ್ತುತ್ತದೆ. ಆ ತುಂಡಿಗೆ ಟಿಪ್ ಎನ್ನುತ್ತಾರೆ. ಕೆತ್ತಿ ಕೆತ್ತಿ ಅದು ಸವೆಯುತ್ತದೆ, ಒಂದು ಗಳಿಗೆಯಲ್ಲಿ ಟಪ್ಪೆಂದು ಮುರಿಯುತ್ತದೆ. ಬೇಗ ಬದಲಾಯಿಸಿದರೆ ಟಿಪ್ ದಂಡ, ಓನರ್ ಬಯ್ಯುತ್ತಾರೆ. ತಡಮಾಡಿದರೆ ಕೈಯಲ್ಲಿದ್ದ ಮಾಲು ಗುಜರಿಗೆ ಹೋಗುತ್ತದೆ, ಓನರ್ ಇನ್ನೂ ಜಾಸ್ತಿ ಬಯ್ಯುತ್ತಾರೆ. ನಮ್ಮವರು ಎರಡರ ನಡುವಿನ ಆ ಗಳಿಗೆಯನ್ನು ಕಿವಿಯಿಂದ ಹಿಡಿಯುತ್ತಿದ್ದರು. ಶಬ್ದ ಒಂದು ಎಳೆ ಬದಲಾದರೆ ಸಾಕು, ಮೆಷಿನ್ ನಿಲ್ಲಿಸುತ್ತಿದ್ದರು. ಅವರ ಕೈಯಲ್ಲಿ ಟಿಪ್ ಮುರಿದದ್ದನ್ನು ಕಂಡವರಿಲ್ಲ ಎಂದು ಶೆಡ್ಡಿನವರೇ ಹೇಳುತ್ತಿದ್ದರು.

ಶೆಡ್ಡಿನಲ್ಲಿ ಬಿಟ್ಟು ಬರಬೇಕಾದ ಕಿವಿಯನ್ನು ಅವರು ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಗೂ ತರುತ್ತಿದ್ದರು. ಕುಕ್ಕರ್ ಎರಡನೇ ಸೀಟಿ ಹಾಕುವಾಗ ಓಡಿಬಂದು ಒಲೆ ಆರಿಸುತ್ತಿದ್ದರು. "ಗ್ಯಾಸ್ಕೆಟ್ ಹೋಗ್ತೈತೆ ಕಣೆ!" ಬೇಳೆ ಬೆಂದಿರುತ್ತಿರಲಿಲ್ಲ. ಗ್ಯಾಸ್ಕೆಟ್ ಮಾತ್ರ ಚೆನ್ನಾಗಿರುತ್ತಿತ್ತು!

ಒಮ್ಮೆ ಮದುವೆಗೆ ಹೊರಟಿದ್ದೆವು. ನಾನು ರೇಷ್ಮೆ ಸೀರೆಯಲ್ಲಿದ್ದೆ. ಅರ್ಧ ದಾರಿಯಲ್ಲಿ ಬಸ್ಸಿನ ನೆಲಕ್ಕೆ ಅಂಗಾಲು ಒತ್ತಿ ಕಣ್ಣು ಮುಚ್ಚಿದರು.

"ಇಳಿ, ಇಳಿ. ಗೇರ್ ಬಾಕ್ಸ್ ಹೋಗ್ತೈತೆ."

ಆ ಬಿಸಿಲಲ್ಲಿ ನಡೆದು ಕೊನೆಯ ಸ್ಟಾಪಿಗೆ ತಲುಪಿದಾಗ ಅದೇ ಬಸ್ಸು ಅಲ್ಲಿತ್ತು. ಡ್ರೈವರ್ ಪಕ್ಕದಲ್ಲೇ ಟೀ ಕುಡಿಯುತ್ತಿದ್ದ. ಇವರು ಹೆಮ್ಮೆಯಿಂದ ನನ್ನ ಕಡೆ ತಿರುಗಿದರು.

"ನೋಡಿದ್ಯಾ? ನಿಂತೈತೆ."

"ಕೊನೇ ಸ್ಟಾಪ್ ರೀ ಇದು. ಇಲ್ಲಿ ಎಲ್ಲಾ ಬಸ್ಸೂ ನಿಲ್ತವೆ!"

"ಅವು ಬೇರೆ. ಇದು ಬೇರೆ."

ಇಂಥ ಮನುಷ್ಯನ ಕೈಗೆ ಆ ವಿಮಾನದ ಆಟ ಸಿಕ್ಕಿತು.

ಶೆಡ್ಡಿನಲ್ಲಿ ಯಾರೋ ಟೀ ಹೊತ್ತಿನಲ್ಲಿ ತೋರಿಸಿದರಂತೆ. ಆಟ ಬಹಳ ಸುಲಭ. ಫೋನಿನಲ್ಲಿ ಹತ್ತು ರೂಪಾಯಿ ಕಟ್ಟಬೇಕು. ಒಂದು ಪುಟ್ಟ ವಿಮಾನ ಏರತೊಡಗುತ್ತದೆ, ಜೊತೆಗೆ ಒಂದು ಅಂಕಿ. ಒಂದು, ಒಂದೂಕಾಲು, ಒಂದೂವರೆ, ಎರಡು, ಮೂರು. ಎರಡಕ್ಕೆ ಬಂದಾಗ ಗುಂಡಿ ಒತ್ತಿದರೆ ಹತ್ತಕ್ಕೆ ಇಪ್ಪತ್ತು. ಮೂರಕ್ಕೆ ಒತ್ತಿದರೆ ಮೂವತ್ತು. ಒತ್ತುವ ಮೊದಲೇ ವಿಮಾನ ಪುರ್ರೆಂದು ಹಾರಿಹೋದರೆ ಹತ್ತೂ ಹೋಯಿತು. ಕೆಲವು ಸಲ ಏರುವುದೇ ಇಲ್ಲ, ನೆಲದಲ್ಲೇ ಮಾಯ. ಪಕ್ಕದಲ್ಲಿ ಒಂದು ಪಟ್ಟಿ ಓಡುತ್ತಿರುತ್ತದೆ. ಅರ್ಧ ಹೆಸರು, ಅರ್ಧ ಚುಕ್ಕಿ. ಗೆದ್ದವರದ್ದು ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಅವರು ನಿಜವಾದ ಜನವೋ, ಆಟದವರೇ ಕೂರಿಸಿದ ಬೊಂಬೆಗಳೋ, ಯಾರಿಗೆ ಗೊತ್ತು?

"ಇದು ನನ್ನ ಕೆಲ್ಸಾನೇ ಅಲ್ವೇನೆ?" ಎಂದರು ನಮ್ಮವರು. "ಮುರಿಯೋಕೆ ಮುಂಚೆ ಎತ್ಕೋಬೇಕು, ಅಷ್ಟೇ. ಇಪ್ಪತ್ತಾರು ವರ್ಷದಿಂದ ಇನ್ನೇನ್ ಮಾಡ್ತಿದೀನಿ?"

ಮೊದಲ ದಿನವೇ ಗೆದ್ದರು. ಅದೇ ಅನಾಹುತ. ಸೋತಿದ್ದರೆ ಫೋನನ್ನು ಬಿಚ್ಚಿ ಇಟ್ಟುಬಿಡುತ್ತಿದ್ದರೇನೋ! ಗೆದ್ದ ದುಡ್ಡಿನಲ್ಲಿ ಕೋಳಿ ತಂದರು. ನಾನೂ ತಿಂದೆ. ಎರಡು ಸಲ ಬಡಿಸಿಕೊಂಡು ತಿಂದೆ.

ಎಲ್ಲರೂ ಆ ಆಟವನ್ನು ಕಣ್ಣಿನಿಂದ ಆಡುತ್ತಾರೆ. ನಮ್ಮವರು ಕಿವಿಯಿಂದ ಆಡಿದರು. ವಿಮಾನದ ಇಂಜಿನ್ ಸದ್ದು ಹಾರಿಹೋಗುವ ಮೊದಲು ಬದಲಾಗುತ್ತದಂತೆ! ಆ ವಿಮಾನಕ್ಕೆ ಇಂಜಿನ್ ಎಲ್ಲಿಂದ ಬರಬೇಕು? ಯಾರೋ ಒಂದು ಕೋಣೆಯಲ್ಲಿ ಕೂತು ಅಂಟಿಸಿದ ಸದ್ದು ಅದು. ಇವರು ಫೋನನ್ನು ಕಿವಿಗೆ ಒತ್ತಿಕೊಂಡು ಮಹಡಿ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದರು. ಮನೆ ಓನರಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ.

"ಯಾರ್ ಜೊತೆನಮ್ಮ ನಿಮ್ಮೆಜಮಾನ್ರು ಅಷ್ಟೊತ್ತು? ಬರೀ ಕೇಳ್ತಾರೆ, ಒಂದ್ ಮಾತೂ ಆಡಲ್ಲ!"

"ಅವರಮ್ಮ ಇರ್ಬೇಕು," ಎಂದೆ.

ಆಮೇಲೆ ಗೋಡೆಗೆ ಚಾರ್ಟ್ ಬಂತು. ಶೆಡ್ಡಿನಲ್ಲಿ ಮಾಲಿನ ಅಳತೆ ಬರೆಯುವ ಚೌಕುಳಿ ಹಾಳೆ. ಮೇಲೊಂದು ಕೆಂಪು ಗೆರೆ, ಕೆಳಗೊಂದು ಕೆಂಪು ಗೆರೆ. ಅಳತೆಗಳು ಮೆಲ್ಲಗೆ ಗೆರೆಯ ಕಡೆ ಜಾರುತ್ತಿದ್ದರೆ ಟಿಪ್ ಸವೆಯುತ್ತಿದೆ ಎಂದು ಅರ್ಥ. ವಿಮಾನ ಎಲ್ಲೆಲ್ಲಿ ಹಾರಿಹೋಯಿತು ಎಂದು ಅದರಲ್ಲಿ ಚುಕ್ಕಿ ಇಡತೊಡಗಿದರು. "ಎಂಟು ಸಲ ಕೆಳಗೇ ಹೋಗೈತೆ. ಈ ಸಲ ಮೇಲಕ್ಕೆ ಹೋಗ್ಲೇಬೇಕು." ಹೋಗುತ್ತಿರಲಿಲ್ಲ. "ಒಂಬತ್ತಾಯ್ತು. ಇನ್ನಂತೂ ಹೋಗ್ಲೇಬೇಕು." ಅಡುಗೆಮನೆ ಗೋಡೆಯಲ್ಲಿ ದೇವರ ಕ್ಯಾಲೆಂಡರಿಗಿಂತ ಆ ಹಾಳೆಗೇ ಹೆಚ್ಚು ಜಾಗವಾಯಿತು.

ನನಗೆ ಭಯ ಹತ್ತಿದ್ದು ಆಗ. ನಾನು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಚೆಕ್ ಮಾಡುವವಳು. ಬಿಟ್ಟ ಹೊಲಿಗೆ ಕಣ್ಣಿಗೆ ಬೀಳುತ್ತದೆ, ಫೋನಿನ ಒಳಗಿನದು ಎಲ್ಲಿ ಬೀಳಬೇಕು? ಕೆಳಗಿನ ಮನೆಯ ಶೋಭಾಳನ್ನು ಕರೆದೆ. ಅವಳು ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಅವಳು ಆಟವನ್ನು ಅಲ್ಲಿ ಇಲ್ಲಿ ಒತ್ತಿ ನೋಡಿ, ಉದ್ದನೆಯ ಅಕ್ಷರ ಅಂಕಿಗಳ ಸಾಲೊಂದನ್ನು ತೋರಿಸಿದಳು.

"ಅಂಕಲ್, ಇದು ಸೀಲ್ ಮಾಡಿದ ಕವರ್ ಥರ. ಎಲ್ಲಿ ಹಾರೋಗತ್ತೆ ಅಂತ ವಿಮಾನ ಏರೋಕೆ ಮುಂಚೆನೇ ಒಳಗೆ ಬರ್ದಿರತ್ತೆ. ಆಟ ಮುಗಿದ್ಮೇಲೆ ಬೇಕಿದ್ರೆ ಬಿಚ್ಚಿ ನೋಡ್ಕೊಳ್ಳಿ ಅಂತಾರೆ. ನೀವು ಕೇಳೋ ಸದ್ದಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

"ಹಂಗಾದ್ರೆ ಮೋಸ ಇಲ್ಲ ಅಂತಾಯ್ತಲ್ಲ!" ಎಂದು ಇವರು ಅರಳಿದರು.

"ಮೋಸ ಮಾಡೋ ಕಷ್ಟನೇ ಇಲ್ಲ ಅವ್ರಿಗೆ. ಜನ ನೂರು ಹಾಕಿದ್ರೆ ನೂರಕ್ಕಿಂತ ಸ್ವಲ್ಪ ಕಮ್ಮಿ ವಾಪಸ್ ಬರೋ ಹಂಗೆ ಲೆಕ್ಕ ಕಟ್ಟಿರ್ತಾರೆ. ನೀವು ಎಲ್ಲಿ ಒತ್ತಿದ್ರೂ ಅಷ್ಟೇ. ಹೋದ ಸಲ ಏನಾಯ್ತು ಅಂತ ಅದಕ್ಕೆ ನೆನಪೂ ಇರಲ್ಲ. ನಿಮ್ಮ ಟಿಪ್ ಸವೆಯತ್ತೆ ಅಂಕಲ್, ಇದು ಸವೆಯಲ್ಲ."

"ಸವೆಯದೇ ಇರೋ ವಸ್ತು ಪ್ರಪಂಚದಲ್ಲೇ ಇಲ್ಲಮ್ಮ," ಎಂದರು ನಮ್ಮವರು, ಎಳೆ ಮಗುವಿಗೆ ಹೇಳುವಂತೆ.

ಒಂದು ಭಾನುವಾರ ನಾನೇ ಪರೀಕ್ಷೆ ಇಟ್ಟೆ. ದುಡ್ಡು ಕಟ್ಟುವಂತಿಲ್ಲ, ಕಡಲೆಕಾಳಿನ ಆಟ. ವಿಮಾನ ಏರಿದಾಗ ಅವರು ಕಿವಿಗೊಟ್ಟು ಕೇಳಿ "ಈಗ" ಎನ್ನಬೇಕು. ನಾನು ಫೋನಿನ ಕಡೆ ಬೆನ್ನು ಹಾಕಿ, ಮೊರದಲ್ಲಿ ಅಕ್ಕಿ ಆರಿಸುತ್ತಾ, ಕಲ್ಲು ಸಿಕ್ಕಾಗಲೆಲ್ಲ "ಈಗ" ಎನ್ನುತ್ತೇನೆ. ಶೋಭಾ ಕಾಳು ಎಣಿಸಿದಳು. ಐವತ್ತು ಸಲ ಆದಮೇಲೆ ಇಬ್ಬರ ಕಾಳೂ ಕಡಿಮೆಯಾಗಿತ್ತು. ಅವರದ್ದು ನನ್ನದಕ್ಕಿಂತಲೂ ಕಡಿಮೆ! ಈಗಲಾದರೂ ಕಣ್ಣು ತೆರೆಯುತ್ತದೆ ಎಂದು ಅವರ ಮುಖ ನೋಡಿದೆ. ಆ ಮುಖದಲ್ಲಿ ಅಷ್ಟು ಸಂತೋಷ ನಾನು ಮದುವೆಯ ದಿನವೂ ಕಂಡಿರಲಿಲ್ಲ.

"ಏ, ನಿನಗೂ ಕಿವಿ ಐತೆ ಕಣೆ!"

ಇಂಥವರಿಗೆ ಏನು ಹೇಳುತ್ತೀರಿ?

ಆಮೇಲಿನದು ನಗುವಂಥದ್ದಲ್ಲ. ಆದರೂ ಹೇಳುತ್ತೇನೆ. ಆ ಆಟ ನಿಷೇಧವಾಯಿತು ಎಂದು ಟಿವಿಯಲ್ಲಿ ಬಂದಾಗ ದೇವರಿಗೆ ದೀಪ ಹಚ್ಚಿದೆ. ದೀಪ ಆರುವ ಮೊದಲೇ ಬೇರೆ ಹೆಸರಿನಲ್ಲಿ ಬೇರೆ ಲಿಂಕ್ ಅವರ ಫೋನಿಗೆ ಬಂದಿತ್ತು! ಸಂಬಳ ಬಂದ ವಾರದಲ್ಲೇ ಖಾಲಿಯಾಗತೊಡಗಿತು. ಮನೆಯ ಬಾಡಿಗೆಯನ್ನು ನನ್ನ ಸಂಬಳದಿಂದ ಕಟ್ಟಿದೆ. ಒಂದು ಬೆಳಿಗ್ಗೆ ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಓಲೆಯನ್ನು ಬೆರಳಲ್ಲಿ ಅಲ್ಲಾಡಿಸಿದರು.

"ತಿರುಪು ಸವೆದೋಗೈತೆ. ಎಲ್ಲಾದ್ರೂ ಬಿದ್ದೋಗೋಕೆ ಮುಂಚೆ ಸರಿ ಮಾಡಿಸ್ಕೊಂಡ್ ಬತ್ತೀನಿ, ಬಿಚ್ಕೊಡು."

ಹದಿನೇಳು ವರ್ಷದಲ್ಲಿ ಎಷ್ಟು ವಸ್ತು ಬಿಚ್ಚಿಕೊಟ್ಟಿಲ್ಲ ನಾನು! ಇದನ್ನೂ ಬಿಚ್ಚಿಕೊಟ್ಟೆ. ನಮ್ಮಪ್ಪ ಕೊಡಿಸಿದ ಓಲೆ. ಹದಿನೈದು ದಿನ "ಅಂಗಡಿಯವನು ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ" ಎಂದರು. ಹದಿನಾರನೆಯ ದಿನ ನಾನೇ ಅಂಗಡಿಗೆ ಹೋದೆ. ಅಂಗಡಿಯವರು ಪಾಪ, "ರಿಪೇರಿಗಲ್ಲಮ್ಮ, ಮಾರಿ ಹೋದ್ರಲ್ಲ" ಎಂದರು.

ಆ ಸಂಜೆ ನಾನು ಜಗಳವಾಡಲಿಲ್ಲ. ಮಾತು ಬಿಟ್ಟೆ. ಅವರು ಆಟ ಬಿಡುವವರೆಗೆ ಒಂದು ಮಾತೂ ಇಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಈ ನಿಯಮವನ್ನು ಅವರಿಗೆ ಹೇಳಬೇಕಾದರೆ ಮಾತಾಡಬೇಕಲ್ಲ? ಅದಕ್ಕೆ ಅದನ್ನೂ ಹೇಳಲಿಲ್ಲ! ತಟ್ಟೆಗೆ ಮುದ್ದೆ ಹಾಕಿ ಮುಂದಿಟ್ಟು ಒಳಗೆ ಹೋಗುತ್ತಿದ್ದೆ. ಅವರು ಒಂದೆರಡು ದಿನ "ಉಪ್ಪು ಸಾಲ್ದು ಕಣೆ" ಎಂದು ನೋಡಿದರು. ನಾನು ಉಪ್ಪಿನ ಡಬ್ಬಿಯನ್ನೇ ತಂದು ಪಕ್ಕದಲ್ಲಿಟ್ಟೆ.

ಕೆಲವೇ ದಿನಗಳಲ್ಲಿ ಅವರ ಫೋನು ಮನೆಯಲ್ಲಿ ಕಾಣದಾಯಿತು. ಮೆಟ್ಟಿಲ ಮೇಲೂ ಕೂರುತ್ತಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ನೋಡಿದೆ, ದಿಂಬಿನ ಕೆಳಗೆ ನೋಡಿದೆ, ಅಕ್ಕಿ ಡ್ರಮ್ಮಿನೊಳಗೂ ಕೈ ಹಾಕಿದೆ. ಎಲ್ಲೂ ಇಲ್ಲ. ಈಗ ಕದ್ದು ಆಡುವುದನ್ನೂ ಕಲಿತರು ಎಂದುಕೊಂಡೆ. ಬಾಯಿಗೆ ಇನ್ನೊಂದು ಬೀಗ ಹಾಕಿದೆ.

ಒಂದು ಮಂಗಳವಾರ ಮಧ್ಯಾಹ್ನ ಶೆಡ್ಡಿನಿಂದ ನನಗೆ ಫೋನ್ ಬಂತು. ಟೀ ಕುಡಿಯಲು ಕೂತವರು ಏಳಲಿಲ್ಲವಂತೆ. ಹೃದಯ ಎಂದರು ಆಸ್ಪತ್ರೆಯಲ್ಲಿ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೈಗಳಿಗೆ ಮೆಷಿನಿನ ಎಣ್ಣೆ ಹಾಗೇ ಇತ್ತು. ನರ್ಸಮ್ಮನಿಂದ ಹತ್ತಿ ಇಸಿದುಕೊಂಡು ಒರೆಸಿದೆ.

ತಿಥಿ ಮುಗಿದ ಮರುದಿನ ಶೋಭಾ ಬಂದಳು. ಕೈಯಲ್ಲಿ ಅವರ ಫೋನು.

"ನಿನ್ನ ಹತ್ರ ಹೇಗೆ ಬಂತೇ ಇದು?"

"ನಮ್ಮನೇಲೇ ಇತ್ತು ಆಂಟಿ, ಅಂಕಲ್ ಹೋಗೋಕೆ ಹದಿನೆಂಟು ದಿನ ಮುಂಚಿಂದ್ಲೂ." ಅವಳು ಬಾಗಿಲಲ್ಲೇ ನಿಂತು ಅಳತೊಡಗಿದಳು. "ಒಂದಿನ ಡ್ಯೂಟಿಯಿಂದ ಸೀದಾ ನಮ್ಮನೆಗೇ ಬಂದ್ರು. 'ಇವತ್ತು ಟಿಪ್ ಮುರೀತಮ್ಮ, ನಂಗೆ ಕೇಳಿಸ್ಲೇ ಇಲ್ಲ' ಅಂದ್ರು. ಮುಖ ನೋಡೋಕಾಗ್ತಿರ್ಲಿಲ್ಲ ಆಂಟಿ. ಆಟ ತೆಗೆಸಿದ್ರು, ದುಡ್ಡು ಕಳ್ಸೋ ಪಿನ್ನೂ ಬದಲಾಯಿಸು, ನಂಗೆ ಹೇಳ್ಬೇಡ ಅಂದ್ರು. ಫೋನೂ ಇಲ್ಲೇ ಇರ್ಲಿ ಅಂತ ಬಿಟ್ಟೋದ್ರು."

"ನನಗೆ ಯಾಕೆ ಹೇಳ್ಲಿಲ್ಲ ಅವರು?"

"ನಾನೂ ಕೇಳ್ದೆ. 'ಒಂದ್ ತಿಂಗ್ಳು ಆಗ್ಲಮ್ಮ. ಈಗ್ಲೇ ಹೇಳಿ, ನಾಳೆ ಮತ್ತೆ ನಾನು ಬಿದ್ರೆ ಅವಳು ತಡ್ಕೊಳಲ್ಲ. ಗಟ್ಟಿಯಾಗೈತೆ ಅಂತ ಗೊತ್ತಾದ್ಮೇಲೆ ನಾನೇ ಹೇಳ್ತೀನಿ' ಅಂದ್ರು."

ಹದಿನೆಂಟು ದಿನ. ಒಮ್ಮೆ ನಾನು ಅವರಿಗೆ ಫೋನ್ ಮಾಡಿದ್ದರೆ ಕೆಳಗಿನ ಮನೆಯಲ್ಲಿ ಅದು ರಿಂಗ್ ಆಗುತ್ತಿತ್ತು, ನನಗೆ ಕೇಳಿಸುತ್ತಿತ್ತು. ನಾನು ಮಾಡಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಬಹಳ ಹೊತ್ತು ತೆಗೆದುಕೊಂಡರು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಹೋಗ್ಬತ್ತೀನಿ" ಎಂದರು. ಸ್ವಲ್ಪ ತಡೆದು, ಒಗ್ಗರಣೆಯ ಸದ್ದಿಗೆ ನನಗೆ ಕೇಳಿಸಲಿಲ್ಲವೇನೋ ಎಂದುಕೊಂಡು, ಇನ್ನೊಂದು ಸಲ, ಇನ್ನೂ ಸ್ವಲ್ಪ ಜೋರಾಗಿ, "ಹೋಗ್ಬತ್ತೀನಿ ಕಣೆ" ಎಂದರು.

ಕೇಳಿಸಿತ್ತು ರೀ. ಎರಡು ಸಲವೂ ಕೇಳಿಸಿತ್ತು. ಹೋಗಿ ಬನ್ನಿ.