ಇಲಿ ಇಲ್ಲದ ದ್ವೀಪ

ದೇವರು ಜನರಿಗೆ ಸುಸ್ತು ಹಂಚಿದ ದಿನ ನಮ್ಮ ದೊಡ್ಡಮ್ಮ ಖಂಡಿತ ಊರಲ್ಲಿರಲಿಲ್ಲ. ಅವರ ಪಾಲು ಯಾರಿಗೆ ಹೋಯಿತು ಎಂದು ಕೇಳುತ್ತೀರಾ? ನನಗೆ! ಇಲ್ಲದಿದ್ದರೆ ಎಪ್ಪತ್ತಾರರ ಅವರು ನ್ಯೂಜೆರ್ಸಿಯ ಮೆಟುಚೆನ್ ಸ್ಟೇಷನ್ನಿನ ಮೆಟ್ಟಿಲುಗಳನ್ನು ದಡದಡನೆ ಹತ್ತಿ ಮೇಲೆ ನಿಂತು ವಾಚು ನೋಡಿಕೊಳ್ಳುವುದಕ್ಕೂ, ಐವತ್ತರ ನಾನು ಕೆಳಗೆ ಕಂಬಿ ಹಿಡಿದು ನಿಂತು ಉಸಿರು ಹುಡುಕುವುದಕ್ಕೂ ಬೇರೆ ಕಾರಣ ನನಗಂತೂ ಹೊಳೆದಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯ ಗೊಡವೆಗೆ ಹೋದವರಲ್ಲ. ಮೈಸೂರಿನಿಂದ ಅಮೆರಿಕಕ್ಕೆ ಓದಲು ಬಂದು, ಬ್ರಿಡ್ಜ್‌ವಾಟರ್ ಕಡೆಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಇಲಿಗಳಿಗೆ ಇಂಜೆಕ್ಷನ್ ಚುಚ್ಚಿ ರಿಟೈರ್ ಆದವರು. ರಿಟೈರ್ ಆದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬೆಳೆಯುತ್ತಾರೆ, ದೇವಸ್ಥಾನದ ಕಮಿಟಿಯಲ್ಲಿ ಜಗಳವಾಡುತ್ತಾರೆ. ದೊಡ್ಡಮ್ಮ ಗ್ರೀನ್‌ಲ್ಯಾಂಡಿಗೆ ಹೋಗಿಬಂದರು. ಹೇಗಿತ್ತು ಅಂದರೆ, “ಚಳಿ. ಆದ್ರೆ ನಮ್ಮ ಪ್ಲಾಟ್‌ಫಾರ್ಮಿನಷ್ಟಿಲ್ಲ” ಎಂದು ಬಿಟ್ಟರು.

ಫೆಬ್ರವರಿಯ ಒಂದು ಸಂಜೆ. ನ್ಯೂಯಾರ್ಕಿನಿಂದ ಬರುವ ಟ್ರೈನಿನಲ್ಲಿ ಸೀಟಿಲ್ಲದೆ, ಯಾರದೋ ಒದ್ದೆ ಕೋಟಿಗೆ ಒರಗಿಕೊಂಡು ನಿಂತೇ ತೂಕಡಿಸುತ್ತಿದ್ದೆ. ಫೋನ್ ಬಂತು.

“ನಿನ್ನ ಪಾಸ್‌ಪೋರ್ಟ್ ಎಕ್ಸ್‌ಪೈರ್ ಆಗಿಲ್ಲ ತಾನೇ?”

“ಯಾಕೆ ದೊಡ್ಡಮ್ಮ?”

“ಪಾಲಿನೇಷ್ಯಾಗೆ ಹೋಗ್ತಿದೀವಿ. ಸಣ್ಣ ಶಿಪ್ಪು. ದೊಡ್ಡ ಶಿಪ್ಪುಗಳು ಹೋಗೋಕ್ಕಾಗದ ದ್ವೀಪಗಳಿಗೆಲ್ಲ ಹೋಗತ್ತಂತೆ.”

ಪಕ್ಕದೂರು ಎಡಿಸನ್ನಿಗೆ ಹೋಗಿ ಕರಿಬೇವು ತರೋಣ ಅನ್ನುವ ಧಾಟಿಯಲ್ಲಿ ಹೇಳಿದರು! ರಜೆ ಇಲ್ಲ, ಪ್ರಾಜೆಕ್ಟ್ ತಲೆಯ ಮೇಲೆ ಕೂತಿದೆ, ನನಗೆ ಸಮುದ್ರ ಆಗಿಬರುವುದಿಲ್ಲ ಎಂದೆಲ್ಲ ಗೋಗರೆದೆ. ದೊಡ್ಡಮ್ಮ ದನಿ ತಗ್ಗಿಸಿದರು. “ನನ್ನ ವಯಸ್ಸಿಗೆ ಜೊತೇಲಿ ಒಬ್ರು ಇರ್ಲೇಬೇಕಂತೆ ಕಣೇ. ಶಿಪ್ಪಿನವರ ರೂಲು.” ಅಲ್ಲಿಗೆ ನಾನು ಸೋತೆ.

ಕಾಲೇಜಿನಿಂದ ಮನೆಗೆ ಬಂದಿದ್ದ ಮಗಳ ಮುಂದೆ ಗೋಳು ತೋಡಿಕೊಂಡೆ. ಅವಳು ಫೋನಿನಿಂದ ತಲೆಯೆತ್ತದೆ, “ಜಸ್ಟ್ ಗೋ, ಅಮ್ಮ. ಯು ಲುಕ್ ಟೆರಿಬಲ್” ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಬರುವ ಸಾಂತ್ವನ!

ಅವಳು ಹೇಳಿದ್ದು ಸುಳ್ಳೇನಲ್ಲ. ನನ್ನ ಅಮ್ಮ ಒಂದೂವರೆ ವರ್ಷ ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಿದ್ದು, ಹಿಂದಿನ ಅಕ್ಟೋಬರಿನಲ್ಲಿ ತೀರಿಕೊಂಡಿದ್ದಳು. ಕಾರ್ಯಗಳು ಮುಗಿದ ಮಾರನೆಯ ದಿನವೇ ನಾನು ಮತ್ತೆ ಅದೇ ಟ್ರೈನಿನಲ್ಲಿದ್ದೆ. ಅಂದಿನಿಂದ ಸರಿಯಾಗಿ ಅತ್ತೂ ಇರಲಿಲ್ಲ, ಮಲಗಿಯೂ ಇರಲಿಲ್ಲ. ಎರಡಕ್ಕೂ ಪುರುಸೊತ್ತು ಬೇಕಲ್ಲ?

ನ್ಯೂವಾರ್ಕಿನಿಂದ ವಿಮಾನ, ಅಲ್ಲಿಂದ ಇನ್ನೊಂದು ವಿಮಾನ, ಪೆಸಿಫಿಕ್ ಸಾಗರದ ನಡುವಿನ ಟಹೀಟಿಯಲ್ಲಿ ಹಡಗು. ಕ್ರೂಸ್ ಎಂದರೆ ನೀರಿನ ಮೇಲೆ ತೇಲುವ ಮಾಲು, ಒಂದು ಕುರ್ಚಿ ಹಿಡಿದು ಹತ್ತು ದಿನ ಬಿದ್ದುಕೊಳ್ಳಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಎಲ್ಲಿ ಬಂತು! ನೂರು ಜನ ಹಿಡಿಸುವ ಪುಟ್ಟ ಹಡಗು. ಬೆಳಿಗ್ಗೆ ಆರಕ್ಕೆ ಸ್ಪೀಕರಿನಲ್ಲಿ ಸುಪ್ರಭಾತ, ಏಳಕ್ಕೆ ರಬ್ಬರ್ ದೋಣಿ, ಮಧ್ಯಾಹ್ನ ಜ್ವಾಲಾಮುಖಿಯ ಮೇಲೆ ಉಪನ್ಯಾಸ, ಸಂಜೆ ಹವಳದ ಮೇಲೆ ಉಪನ್ಯಾಸ. ಇಂಜಿನಿಯರಿಂಗ್ ಕಾಲೇಜಿನಲ್ಲೂ ನಾನು ಇಷ್ಟು ಕ್ಲಾಸುಗಳಿಗೆ ಕೂತಿರಲಿಲ್ಲ. ಮೊದಲ ಸಾಲಿನಲ್ಲಿ ದೊಡ್ಡಮ್ಮ, ಕೈಯಲ್ಲಿ ನೋಟ್‌ಬುಕ್ಕು. ಕೊನೆಯ ಸಾಲಿನಲ್ಲಿ ನಾನು, ಕೈಯಲ್ಲಿ ವಾಂತಿಯ ಕವರು.

ಈ ಪ್ರವಾಸವೇ ಯಾಕೆ ಎಂಬುದು ಎರಡನೆಯ ದಿನ ಗೊತ್ತಾಯಿತು. ಆ ಕಡೆಯ ಬಹುತೇಕ ದ್ವೀಪಗಳಿಗೆ ಹಡಗುಗಳ ಜೊತೆ ಇಲಿಗಳೂ ಬಂದಿಳಿದು, ಹಕ್ಕಿಗಳ ಮೊಟ್ಟೆಗಳನ್ನೆಲ್ಲ ತಿಂದು ಹಾಕಿವೆಯಂತೆ. ಇಲಿ ಮುಟ್ಟದ ದ್ವೀಪಗಳು ಉಳಿದಿರುವುದು ಬೆರಳೆಣಿಕೆಯಷ್ಟು. ಅಂಥ ಒಂದರಲ್ಲಿ, ಜನರಿಲ್ಲದ ಕಡೆ, ಟಿಟಿ ಎಂಬ ಪುಟ್ಟ ಕಂದು ಹಕ್ಕಿಯೊಂದಿದೆ. ಮನುಷ್ಯರೆಂದರೆ ಹೆದರಿಕೆಯಿಲ್ಲ, ಕಾಲ ಹತ್ತಿರಕ್ಕೇ ನಡೆದು ಬರುತ್ತದೆ. ಪ್ರವಾಸದ ಏಳನೆಯ ದಿನ, ಅಲೆ ಕಡಿಮೆಯಿದ್ದರೆ, ಒಂದು ಬೆಳಗಿನ ಮಟ್ಟಿಗೆ ಅಲ್ಲಿ ಇಳಿಸುತ್ತಾರೆ.

“ಮೂವತ್ತು ವರ್ಷ ಇಲಿಗಳ ಮುಖ ನೋಡಿದೀನಿ. ಇಲಿ ಇಲ್ಲದ ಜಾಗ ಹೇಗಿರತ್ತೆ ಅಂತ ಒಂದ್ಸಲ ನೋಡ್ಬೇಕು. ಅಷ್ಟೇ” ಎಂದರು ದೊಡ್ಡಮ್ಮ. ಜನ ಇಂಥದ್ದಕ್ಕೆಲ್ಲ ಅರ್ಧ ಭೂಮಿ ಸುತ್ತುತ್ತಾರೆಯೇ? ಸುತ್ತುತ್ತಾರೆ. ಜೊತೆಗೆ ನನ್ನನ್ನೂ ಸುತ್ತಿಸುತ್ತಾರೆ.

ಹಡಗಿನಿಂದ ರಬ್ಬರ್ ದೋಣಿಗೆ ಇಳಿಯುವುದೇ ಒಂದು ಸಾಹಸ. ದೋಣಿ ಮೇಲೆದ್ದ ಕ್ಷಣ ನೋಡಿ ಕಾಲಿಡಬೇಕು, ನಾವಿಕ ನಮ್ಮ ಮುಂಗೈ ಹಿಡಿದುಕೊಳ್ಳುತ್ತಾನೆ. ದೊಡ್ಡಮ್ಮ ಕಾಟನ್ ಸೀರೆ ಎತ್ತಿ ಸಿಕ್ಕಿಸಿ, ಅದರ ಮೇಲೆ ಲೈಫ್ ಜಾಕೆಟ್ ಬಿಗಿದು ಬಂದರು. ಪ್ಯಾಂಟು ಹಾಕಿಕೊಳ್ಳಿ ಎಂದರೆ, “ಪ್ಯಾಂಟಲ್ಲಿ ನಡೆದ್ರೆ ಬೀಳ್ತೀನಿ” ಅಂದರು. ಅವರಿಗೊಂದು ದೃಢವಾದ ನಂಬಿಕೆ: ಕನ್ನಡವನ್ನು ನಿಧಾನವಾಗಿ, ಸ್ವಲ್ಪ ಜೋರಾಗಿ ಮಾತಾಡಿದರೆ ಜಗತ್ತಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹಾಗಾಗಿ ದಿನಕ್ಕೆ ನಾಲ್ಕು ಸಲ ಆ ನಾವಿಕನ ಕೈ ಹಿಡಿದು, “ಹುಷಾರು! ಹುಷಾರಪ್ಪ!” ಎನ್ನುತ್ತಿದ್ದರು. ನಾಲ್ಕನೆಯ ದಿನ ನೋಡುತ್ತೇನೆ, ಆ ಟಹೀಟಿಯ ತರುಣ ಟೆಕ್ಸಾಸಿನ ಆರಡಿ ಎತ್ತರದ ದಂತವೈದ್ಯರೊಬ್ಬರನ್ನು ದೋಣಿಗಿಳಿಸುತ್ತ, “ಹುಷಾರಪ್ಪ!” ಎನ್ನುತ್ತಿದ್ದಾನೆ! ಅದು ಪಾಲಿನೇಷ್ಯನ್ ಆಶೀರ್ವಾದವೆಂದು ತಿಳಿದು ಆ ವೈದ್ಯರು ಕೈ ಮುಗಿದರು.

ಐದನೆಯ ದಿನ ಒಂದು ಸಣ್ಣ ಹಳ್ಳಿಗೆ ಹೋದೆವು. ಕೇದಗೆ ಎಲೆಯ ಚಾಪೆ ಹಾಸಿದ ಚಪ್ಪರದಡಿ ಒಬ್ಬ ಅಜ್ಜಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ತುರಿಯುತ್ತಿದ್ದದ್ದು ಯಾತರ ಮೇಲೆ? ತುರಿಯುವ ಮಣೆಯ ಮೇಲೆ! ಅದೇ ಮಣೆ, ಅದೇ ಹಲ್ಲಿನ ಕಬ್ಬಿಣ, ಹಾಗೇ ಕಾಲು ಚಾಚಿ ಕೂತ ಭಂಗಿ. ದೊಡ್ಡಮ್ಮ ಲೈಫ್ ಜಾಕೆಟ್ ಬಿಚ್ಚಿ ನನ್ನ ಮೇಲೆ ಎಸೆದರು.

“ನೀವು ಸರೀರಿ, ನಾನು ತುರೀತೀನಿ.”

ಅಜ್ಜಿ ಸರಿದರು. ಅವರು ತಮ್ಮ ಭಾಷೆಯಲ್ಲಿ, ಇವರು ಕನ್ನಡದಲ್ಲಿ, ಒಂದು ಗಂಟೆ ಮಾತು. ಕಾಯಿಯನ್ನು ಕರಟದವರೆಗೆ ತುರಿಯಬಾರದು, ಕಪ್ಪು ಬರುತ್ತದೆ ಎಂಬ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದ್ದಂತೆ ಕಂಡಿತು. ಅಷ್ಟರಲ್ಲಿ ಉದ್ದ ಲೆನ್ಸಿನ ಕ್ಯಾಮೆರಾ ಹೊತ್ತ ನಮ್ಮ ಸಹಪ್ರಯಾಣಿಕರು ಸುತ್ತ ನೆರೆದು ಫೋಟೋ ಹೊಡೆಯತೊಡಗಿದರು. ಅವರಲ್ಲಿ ಒಬ್ಬ ಮಹಿಳೆ ಬಗ್ಗಿ, ಮೆಲ್ಲಗೆ, ನಿಮ್ಮ ಕುಟುಂಬ ಎಷ್ಟು ತಲೆಮಾರಿನಿಂದ ಇಲ್ಲಿದೆ ಎಂದು ದೊಡ್ಡಮ್ಮನನ್ನೇ ಕೇಳಿದರು.

ದೊಡ್ಡಮ್ಮ ತುರಿಯುವುದನ್ನು ನಿಲ್ಲಿಸಲಿಲ್ಲ. “ಮೆಟುಚೆನ್, ನ್ಯೂಜೆರ್ಸಿ. ವಾಕಿಂಗ್ ಡಿಸ್ಟೆನ್ಸ್ ಟು ಟ್ರೈನ್.”

ಕೊನೆಯ ದೋಣಿ ಹೊರಡುವ ಹೊತ್ತು ಮೀರಿತು. ಇನ್ನೊಂದು ಕಾಯಿ, ಇನ್ನೊಂದೇ ಕಾಯಿ ಎಂದು ದೊಡ್ಡಮ್ಮ ಏಳಲೊಲ್ಲರು. ಎರಡು ಲೈಫ್ ಜಾಕೆಟ್, ಅಜ್ಜಿ ಕೊಟ್ಟ ಒಂದು ಗೊನೆ ಬಾಳೆಹಣ್ಣು ಹೊತ್ತು, ಕೊನೆಗೂ ಎದ್ದ ಅವರ ಹಿಂದೆ ಬಿಸಿ ಮರಳಿನಲ್ಲಿ ನಾನು ಓಡಿದೆ. ಹಡಗಿಗೆ ಬಂದಾಗ ಪ್ರವಾಸದ ಮುಖ್ಯಸ್ಥೆ, ನ್ಯೂಜಿಲೆಂಡಿನ ಹೆಂಗಸು, ಮುಖ ಬಿಗಿದುಕೊಂಡು ಕಾಯುತ್ತಿದ್ದಳು. ನನಗೂ ರೇಗಿತು. ಇಷ್ಟು ವಯಸ್ಸಾದವರ ಜೊತೆ ಒಬ್ಬರು ಇರಲೇಬೇಕೆಂದು ರೂಲು ಮಾಡಿದ್ದು ನೀವೇ, ನನ್ನ ಕೈಲಾದಷ್ಟು ನೋಡಿಕೊಳ್ಳುತ್ತಿದ್ದೇನೆ ಎಂದೆ.

ಅವಳು ಗಲಿಬಿಲಿಗೊಂಡಳು. ಅಂಥ ರೂಲು ಯಾವುದೂ ಇಲ್ಲವಂತೆ. ಟ್ಯಾಬ್ಲೆಟ್ಟಿನಲ್ಲಿ ನಮ್ಮ ಫಾರ್ಮು ತೆಗೆದು ತೋರಿಸಿದಳು. ವಿಶೇಷ ನೆರವು ಬೇಕಾದ ಪ್ರಯಾಣಿಕರು ಎಂಬಲ್ಲಿ ನನ್ನ ಹೆಸರಿತ್ತು! ನೆರವಿಗೆ ಬರುತ್ತಿರುವವರು ಎಂಬಲ್ಲಿ ದೊಡ್ಡಮ್ಮನ ಹೆಸರು.

ಕ್ಯಾಬಿನ್ನಿನ ಬಾಗಿಲು ಹಾಕಿ ಕೂಗಾಡಿದೆ. “ನಾನೇನು ಪೇಷೆಂಟಾ ದೊಡ್ಡಮ್ಮ? ಸುಳ್ಳು ಹೇಳಿ ಕರ್ಕೊಂಡ್ಬಂದ್ರಾ?”

“ನಿಜ ಹೇಳಿದ್ರೆ ಬರ್ತಿದ್ಯಾ?”

ಅವರ ಜೊತೆ ಮಾತು ಬಿಟ್ಟೆ. ಮಾರನೆಯ ದಿನವೆಲ್ಲ ಹಡಗು ಸಾಗರದಲ್ಲಿ ಹೊಯ್ದಾಡಿತು. ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ದೊಡ್ಡಮ್ಮ ಶುಂಠಿ ಬಿಸ್ಕತ್ತು ತಂದು ತಲೆದಿಂಬಿನ ಪಕ್ಕ ಇಟ್ಟು, ಉಪನ್ಯಾಸಕ್ಕೆ ಹೋಗಿ ಬಂದು, ತಾವಾಗಿಯೇ ವರದಿ ಒಪ್ಪಿಸಿದರು. “ನಾಳೆ ಅಲೆ ಕಡಿಮೆಯಂತೆ. ಇಳಿಸ್ತಾರಂತೆ.” ಅವರ ದನಿ ಎಳೆ ಹುಡುಗಿಯದಾಗಿತ್ತು. ನಾನು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡೆ.

ಮರುದಿನ ಎಚ್ಚರವಾದಾಗ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಇಂಜಿನ್ ಗುಡುಗುಡು ಅನ್ನುತ್ತಿತ್ತು, ಹಡಗು ಹೊರಟಿತ್ತು. ಕಿಟಕಿಯಲ್ಲಿ ನೀರಿನ ಮೇಲೊಂದು ಹಸಿರು ಗೆರೆ, ಅದರ ಮೇಲೆ ಸುತ್ತುವ ಬಿಳಿ ಚುಕ್ಕೆಗಳು. ನನ್ನ ಮಂಚದ ಪಕ್ಕದ ಕುರ್ಚಿಯಲ್ಲಿ ದೊಡ್ಡಮ್ಮ ಕೂತಿದ್ದರು. ಹೊರಡಲು ಸಿದ್ಧರಾದವರು ಹಾಗೇ ಕೂತುಬಿಟ್ಟಂತಿತ್ತು. ಕಾಲಲ್ಲಿ ಶೂ, ಕೊರಳಲ್ಲಿ ದುರ್ಬೀನು. ಶೂಗಳು ನೀರು ಮುಟ್ಟಿರಲಿಲ್ಲ.

ನಾನು ಧಡಕ್ಕನೆ ಎದ್ದು ಕೂತೆ. “ನೀವು ಹೋಗ್ಲಿಲ್ವಾ? ದೊಡ್ಡಮ್ಮ, ಇವತ್ತೇ ಅಲ್ವಾ ಅದು? ನಾನು ಮಲಗಿದ್ರೆ ಏನಾಯ್ತು, ನೀವು ಹೋಗ್ಬಹುದಿತ್ತಲ್ಲ!”

“ಹೊರಟಿದ್ದೆ” ಎಂದರು. ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದರು. “ಬಾಗಿಲ ಹತ್ರ ಹೋದೆ. ನೀನು ನಿದ್ದೇಲೇ ‘ಬಂದೆ ಅಮ್ಮ, ಬಂದೆ’ ಅಂತ ಏಳೋಕೆ ಹೋದೆ. ನಾನು ‘ಏನೂ ಬೇಡ, ಮಲಕ್ಕೋ’ ಅಂದೆ. ನೀನು ಮಲಕ್ಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ‘ಬಂದೆ’ ಅಂದೆ. ಹೇಳೋಕೆ ಒಬ್ರು ಇರ್ಬೇಕಿತ್ತಲ್ವಾ?”

ಅಕ್ಟೋಬರಿನಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೇ ನುಗ್ಗಿತು. ದೊಡ್ಡಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ತಲೆ ನೇವರಿಸುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ನಾನು ಕಣ್ಣೊರೆಸಿಕೊಂಡು, ಊಟದ ಹೊತ್ತಾಯಿತು, ನಿಮಗೇನಾದರೂ ತರುತ್ತೇನೆಂದು ಕಾಲು ಕೆಳಗಿಟ್ಟೆ.

“ಏನೂ ಬೇಡ, ಮಲಕ್ಕೋ” ಎಂದರು.

ಮಲಗಿದೆ.