ತೋಳದ ಬಾಣಂತನ

ನಮ್ಮ ಸೋದರತ್ತೆ ಈ ಸಲ ಒಂದು ತೋಳದ ಬಾಣಂತನ ಮಾಡಿದಳು. ನಗುವವರು ಈಗಲೇ ನಕ್ಕುಬಿಡಿ. ಅವಳೆದುರು ನಕ್ಕರೆ ನಿಮ್ಮ ಮನೆಯ ಮುಂದಿನ ಬಾಣಂತನಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದು ಕೂತಾಳು. ಹಾಗೆ ಕೂತ ಅತ್ತೆಯನ್ನು ಎಬ್ಬಿಸುವ ಗಂಡಸು ಯರಗುಪ್ಪಿಯಲ್ಲಿ ಇನ್ನೂ ಹುಟ್ಟಿಲ್ಲ.

ಅತ್ತೆ ಎಂದರೆ ನನ್ನಪ್ಪನ ತಂಗಿ. ಮದುವೆಯಾಗಲಿಲ್ಲ. ನೋಡಲು ಬಂದ ವರಗಳಿಗೆ ತಟ್ಟೆ ತುಂಬ ಅವಲಕ್ಕಿ ಕೊಟ್ಟು, ಬಾಯಿ ತುಂಬಿದ್ದಾಗ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ಫೇಲು ಮಾಡಿ ಕಳಿಸಿದಳೆಂಬುದು ನಮ್ಮ ಮನೆಯ ಇತಿಹಾಸ. ಊರ ಅಂಗನವಾಡಿಯಲ್ಲಿ ಕಾರ್ಯಕರ್ತೆಯಾಗಿದ್ದವಳು. ಊರಿನ ಅರ್ಧ ಜನರನ್ನು ತಕ್ಕಡಿಗೆ ಹಾಕಿ ತೂಗಿದವಳು. ಇವತ್ತಿಗೂ ಮೀಸೆ ತಿರುವಿಕೊಂಡು ಹೋಗುವ ಗಂಡಸರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, "ಒಂದು ವರ್ಷಕ್ಕ ಆರ ಕೇಜಿ ಇದ್ದಿ, ನೆನಪಿರಲಿ" ಎನ್ನುತ್ತಾಳೆ. ಮನೆಯ ಬಾಣಂತನಗಳೆಲ್ಲ ಅವಳವೇ ಆಗಿದ್ದವು. ಅಜವಾನದ ಹೊಗೆ, ಅಂಟಿನುಂಡಿ, ಕಿವಿಗೆ ಬಿಗಿದ ಅರಿವೆ, ಐದು ತಿಂಗಳು ಹೊಸ್ತಿಲು ದಾಟುವಂತಿಲ್ಲ. ಆದರೆ ನನ್ನ ಹೆರಿಗೆಯಾದಾಗ ನಾನು ಡಾಕ್ಟರರ ಮಾತು ಕೇಳಿ ಹದಿನೈದನೆಯ ದಿನಕ್ಕೇ ಅಣ್ಣಿಗೇರಿಯ ನನ್ನ ಮನೆಗೆ ಹೊರಟುಬಿಟ್ಟೆ. ನನ್ನ ಹಿಂದಿನ ತಂಗಿಯರು ಫೋನು ನೋಡಿಕೊಂಡು ತಮ್ಮ ಬಾಣಂತನ ತಾವೇ ಮಾಡಿಕೊಂಡರು. ಮೇಲಿಂದ ಅಂಗನವಾಡಿಯಿಂದಲೂ ನಿವೃತ್ತಿಯಾಯಿತು. ಅತ್ತೆಯ ಎರಡೂ ಕೈ ಖಾಲಿಯಾಗಿದ್ದ ಇಂಥ ಹೊತ್ತಿನಲ್ಲಿ ಆ ತೋಳ ಹಡೆಯಿತು. ಅದರ ಹಣೆಬರಹ, ಯಾರೇನು ಮಾಡಲಾದೀತು?

ನಮ್ಮ ಹೊಲದ ತುದಿಗೆ, ಹಳ್ಳದ ದಂಡೆಯಲ್ಲಿ ಒಂದು ಬೀಳು ಮೂಲೆಯಿದೆ. ಅಲ್ಲಿ ಕೃಷಿಹೊಂಡ ತೋಡಿಸಬೇಕೆಂದು ನನ್ನ ಅಣ್ಣ ಎರಡು ವರ್ಷ ಓಡಾಡಿ, ಕಡೆಗೂ ಡಿಸೆಂಬರಿನಲ್ಲಿ ಜೆಸಿಬಿಯ ಪಾಳಿ ಹಿಡಿದಿದ್ದ. ಜಾಗಕ್ಕೆ ಗುರುತು ಹಾಕಲು ಹೋದರೆ ದಂಡೆಯಲ್ಲೊಂದು ಬಿಲ, ಬಿಲದ ಬಾಯಲ್ಲಿ ತೋಳ, ಒಳಗಿನಿಂದ ಕುಂಯ್ ಕುಂಯ್ ಸದ್ದು. ಅತ್ತೆಯೂ ಜೊತೆಗಿದ್ದಳು. ತೋಳ ಅಣ್ಣನನ್ನು ನೋಡಿತು, ಅಣ್ಣ ತೋಳವನ್ನು ನೋಡಿದ, ಅತ್ತೆ ತೋಳದ ಹೊಟ್ಟೆ ನೋಡಿದಳು.

"ಹಸಿ ಬಾಣಂತಿ ಐತಿ. ನಡಿ ಹಿಂದಕ್ಕ."

"ಅತ್ತಿ, ನಾಳಿ ಜೆಸಿಬಿ ಬರತೈತಿ."

"ಬಾಣಂತಿ ಖೋಲಿ ಮುಂದ ಜೆಸಿಬಿ ಹಚ್ಚತಾನಂತ! ನಿಮ್ಮವ್ವ ನಿನ್ನ ಹಡದಾಗ ನಾ ಓಣ್ಯಾಗಿನ ಗಿರಣಿ ಬಂದ್ ಮಾಡಿಸಿದ್ನಿ. ಮರತಿಯೇನು?"

ಹುಟ್ಟಿದ ವಾರದ ಸಂಗತಿ ಅಣ್ಣನಿಗೆ ನೆನಪಿರುವುದಾದರೂ ಹೇಗೆ? ಆದರೂ ತಪ್ಪಿತಸ್ಥನಂತೆ ಜೆಸಿಬಿಯವನಿಗೆ ಫೋನು ಮಾಡಿ ಬೇಡವೆಂದ. ಹಾಗೆಂದು ಹೊಂಡದ ಆಸೆ ಬಿಡುವವನಲ್ಲ. ಮಳೆಗಾಲಕ್ಕೆ ಮೊದಲು ಹೊಂಡ ಆಗದಿದ್ದರೆ ಇನ್ನೊಂದು ವರ್ಷ ಕಡಲೆ ಆಕಾಶ ನೋಡುತ್ತ ನಿಲ್ಲಬೇಕು. ನ್ಯಾಯ ಹೇಳಲು ಹೈಸ್ಕೂಲಿನ ವಿಜ್ಞಾನದ ಟೀಚರಾದ ನನಗೆ ಫೋನು ಬಂತು. ಮರಿಗಳು ಎಂಟು ಹತ್ತು ವಾರಕ್ಕೆಲ್ಲ ಬಿಲ ಬಿಡುತ್ತವೆ ಎಂದೆ.

"ನಿನ್ನ ಪುಸ್ತಕದಾಗ ಎಲ್ಲಾ ಲಗೂ ಲಗೂ," ಎಂದಳು ಅತ್ತೆ. "ನೀನೂ ಹದಿನೈದು ದಿನಕ್ಕ ಎದ್ದು ಹೋದಾಕಿ. ನಮ್ಮಲ್ಲಿ ಬಾಣಂತನ ಅಂದ್ರ ಐದು ತಿಂಗಳು."

ಕಡೆಗೆ ಯುಗಾದಿಗೆ ರಾಜಿಯಾಯಿತು. ಅಷ್ಟರೊಳಗೆ ತೋಳ ಮರಿ ಕಟ್ಟಿಕೊಂಡು ಹೋಗಬೇಕು. ಹೋಗದಿದ್ದರೆ ಜೆಸಿಬಿ ಬಂದೇ ಬರುತ್ತದೆ. ಈ ಕರಾರು ತೋಳಕ್ಕೆ ಮಾತ್ರ ಯಾರೂ ತಿಳಿಸಲಿಲ್ಲ.

ಮರುದಿನದಿಂದ ಅತ್ತೆ ಜೋಳಕ್ಕೆ ಬರುವ ಹಕ್ಕಿ ಕಾಯುವ ಅಟ್ಟಣಿಗೆ ಹತ್ತಿದಳು. ಕೊರಳಲ್ಲಿ ನನ್ನ ದುರ್ಬೀನು, ತೊಡೆಯ ಮೇಲೆ ಅಂಗನವಾಡಿಯ ದಿನಗಳಿಂದ ಉಳಿದ ಮಕ್ಕಳ ಬೆಳವಣಿಗೆಯ ಪುಸ್ತಕ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಯಿಯ ಹೆಸರು: ತೋಳವ್ವ. ತಂದೆಯ ಉದ್ಯೋಗ: ಕುರಿ. ಮನೆ: ಸ್ವಂತ. ಶೌಚಾಲಯ: ಇಲ್ಲ.

ದಿನಾ ಸಂಜೆ ನನಗೆ ಫೋನಿನಲ್ಲಿ ವರದಿ. ಹದಿಮೂರನೆಯ ದಿನ, "ಇವತ್ತ ಮರಿ ಕಣ್ಣು ಬಿಟ್ಟಾವ" ಎಂದಳು.

"ಬಿಲದಾಗ ಹೊಕ್ಕು ನೋಡಿದ್ಯೇನು ಅತ್ತಿ?"

"ತಾಯಿ ಹೊರಗ ಬಂದು ಮೈ ಮುರದು ಆಕಳಿಸಿದಳು. ಕಣ್ಣು ಬಿಡಲಾರದ ಕೂಸಿನ ತಾಯಿ ಹಂಗ ಆಕಳಸೂದಿಲ್ಲ."

ನನ್ನ ಪುಸ್ತಕದಲ್ಲೂ ಹನ್ನೆರಡರಿಂದ ಹದಿನಾಲ್ಕು ದಿನ ಎಂದೇ ಇತ್ತು. ಮೂರು ವಾರಕ್ಕೆ ನಾಲ್ಕು ಮರಿಗಳು ತೂರಾಡುತ್ತ ಹೊರಗೆ ಬಂದವು. ಮಸಿ ಬಳಿದಂಥ ಮೈ, ಮೊಂಡು ಮೂತಿ, ಜೋತ ಕಿವಿ. "ಅಗದಿ ನಿನ್ನಂಗ ಅದಾವ ನೋಡು," ಎಂದಳು. ಎರಡು ದಿನ ಬಿಟ್ಟು ಬಂದ ಫೋನಿನಲ್ಲಿ ಮಾತ್ರ ದನಿ ತಗ್ಗಿತ್ತು. "ಲೇ, ಅವ್ವಂದೂ ಅಪ್ಪಂದೂ ಕಣ್ಣು ಹಳದಿ. ಮರಿಗೋಳ್ದು ನೀಲಿ. ನಾ ಏನೂ ಅನ್ನೂದಿಲ್ಲವಾ, ನಂಗ್ಯಾಕ ಬೇಕು ಮಂದಿ ಸುದ್ದಿ." ತೋಳದ ಮರಿಗಳ ಕಣ್ಣು ಮೊದಲು ನೀಲಿಯಾಗಿದ್ದು ಆಮೇಲೆ ಹಳದಿಗೆ ತಿರುಗುತ್ತದೆ ಎಂದು ಬಿಡಿಸಿ ಹೇಳಿದೆ. ಅತ್ತೆ ನಿಟ್ಟುಸಿರು ಬಿಟ್ಟು, "ಸಂಸಾರ ಉಳೀತು ಬಿಡು" ಎಂದಳು.

ಮರಿಗಳಿಗೆ ತಿಂಗಳು ತುಂಬುವ ಹೊತ್ತಿಗೆ ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಬುತ್ತಿ ಒಯ್ದು, "ಹುಲ್ಲುಲ್ಲಿಗ್ಯೋ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತ ಭೂಮಿಗೆ ಎಡೆಯಾಗಿ ಚರಗ ಚೆಲ್ಲುವ ದಿನ. ಈ ವರ್ಷ ಕೂಗಬಾರದೆಂದು ಅತ್ತೆಯ ಅಪ್ಪಣೆ. ಅಣ್ಣ ಕಡಲೆಯ ನಡುವೆ ತುದಿಗಾಲಲ್ಲಿ ನಡೆಯುತ್ತ, ಗುಟ್ಟು ಹೇಳುವವನಂತೆ ಭೂಮಿತಾಯಿಯ ಕಿವಿಯಲ್ಲಿ "ಹುಲ್ಲುಲ್ಲಿಗ್ಯೋ" ಎಂದು ಪಿಸುಗುಟ್ಟಿದ. ಬಾಜೂ ಹೊಲದವರು ಇವನಿಗೆ ಗಂಟಲು ಬಿದ್ದಿದೆಯೆಂದು ಶುಂಠಿ ಕಷಾಯ ಕಳಿಸಿದರು.

ಮುಂದಿನ ವಾರ ನನ್ನ ಗಂಡ ಊಟಕ್ಕೆ ಕೂತಿದ್ದಾಗ ಅತ್ತೆಯ ಫೋನು ಬಂತು. ನನ್ನ ಕೈಯಲ್ಲಿ ಹಿಟ್ಟು, ಹೀಗಾಗಿ ಸ್ಪೀಕರಿಗೆ ಹಾಕಿದೆ. "ಅವರಪ್ಪ ಬೇಟಿಯಿಂದ ಬಂದ. ಮರಿ ಓಡಿ ಹೋಗಿ ಅವನ ಬಾಯಿ ನೆಕ್ಕಿದ್ವು. ಹೊಟ್ಯಾಗ ತಂದಿದ್ದೆಲ್ಲಾ ಅಲ್ಲೇ ಕಕ್ಕಿದ, ಬಿಸಿಬಿಸಿ ಹೊಗಿ ಆಡ್ತಿತ್ತು. ಇವು ಗಬಗಬ ತಿಂದ್ವು. ನಿನ್ನ ಗಂಡ ಎಂದಾದ್ರೂ ಮಕ್ಕಳಿಗೆ ಇಷ್ಟು ಕಾಳಜಿ ಮಾಡ್ಯಾನೇನು?" ನನ್ನ ಗಂಡ ರೊಟ್ಟಿ ಝುಣಕದ ತಟ್ಟೆ ಅತ್ತ ಸರಿಸಿ ಎದ್ದ. ಎರಡು ದಿನ ಝುಣಕದ ಮಾತೆತ್ತಲಿಲ್ಲ.

ನಾಲ್ಕರಲ್ಲಿ ಒಂದು ಮರಿ ಸಣಕಲಾಗಿತ್ತು. ಉಳಿದವು ಅದನ್ನು ಕೆಡವಿ ತುಳಿದು ಅದರ ಪಾಲನ್ನೂ ತಿನ್ನುತ್ತಿದ್ದವು. ಪುಸ್ತಕದಲ್ಲಿ ಕಣ್ಣಳತೆಯ ಮೇಲೆ ಎಳೆದ ಅದರ ತೂಕದ ಗೆರೆ ಹಸಿರು ಬಿಟ್ಟು ಹಳದಿಗೆ ಇಳಿದಾಗ ಅತ್ತೆ ಎರಡು ಹೊತ್ತು ಉಣ್ಣಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ಅತ್ತೆಯ ಸ್ವಂತ ಆಡಿನ ಮರಿಯೇ ಹೊಲದಿಂದ ಮಾಯವಾಯಿತು! ಅಣ್ಣ, "ಬಾಣಂತಿಗೆ ಬುತ್ತಿ ಮುಟ್ಟಿತು" ಎಂದು ಊರೆಲ್ಲ ಹೇಳಿಕೊಂಡು ಬಂದ. ಸುದ್ದಿ ಕೇಳಿ ಬಾಜೂ ಬೀಳು ಹೊಲದಲ್ಲಿ ಕುರಿ ನಿಲ್ಲಿಸಿದ್ದ ಕುರುಬ ಬಂದು, "ಬಿಲಕ್ಕ ಹೊಗಿ ಹಾಕೂಣೇನ್ರಿ ಅಕ್ಕಾರ?" ಎಂದು ಕೇಳಿದ.

"ಬಾಣಂತಿಗೆ ಹೊಗಿ ಹಾಕೂದು ನನ್ನ ಕೆಲಸ," ಎಂದು ಅತ್ತೆ ಅವನನ್ನು ಕಳಿಸಿಬಿಟ್ಟಳು.

ಆಮೇಲೆ ಅಟ್ಟಣಿಗೆ ಹತ್ತಿ, ಒಂದು ತಿಂಗಳು ಊರ ಬಾಯಿ ಮುಚ್ಚಿಸಿದ ಈ ತಾಯಿ, ತೋಳದ ವಂಶವನ್ನೆಲ್ಲ ತಾಸುಗಟ್ಟಲೆ ಬಯ್ದಳು. ವಾರ ಕಳೆದ ಮೇಲೆ ಫೋನು ಬಂತು. "ಸಣ್ಣದು ಮೈ ತುಂಬೇತಿ. ಹಸಿರಿಗೆ ಬಂತು." ಆಡಿನ ಮರಿಯ ಸುದ್ದಿ ಅವಳು ಮತ್ತೆ ಎತ್ತಲಿಲ್ಲ.

ಅದೇ ಫೋನಿನಲ್ಲಿ ಇನ್ನೊಂದು ದೂರೂ ಇತ್ತು. "ಅಲ್ಲೊಂದು ಮೂರನೇ ತೋಳ ಐತಿ. ಹೆಣ್ಣು. ಹಡದಿಲ್ಲ, ಪಡದಿಲ್ಲ. ತಾಯಿ ಬೇಟಿಗೆ ಹೋದ್ರ ಇದು ಮರಿ ಕಾಯಕೋತ ಕುಂದರತೈತಿ. ಆ ಸಣ್ಣದಕ್ಕ ತನ್ನ ಪಾಲು ಕಕ್ಕತೈತಿ. ಅದಕ್ಕ ಬ್ಯಾರೆ ಉದ್ಯೋಗಿಲ್ಲೇನು?"

"ಅದು ಹೋದ ವರ್ಷದ ಮಗಳು ಇರಬೇಕು ಅತ್ತಿ. ತೋಳ ಒಂದೆರಡು ವರ್ಷಕ್ಕ ದೊಡ್ಡವು ಆಗತಾವ. ಭಾಳಷ್ಟು ಜೋಡಿ ಹುಡುಕ್ಕೊಂಡು ದೂರ ಹೋಗತಾವ. ಒಂದೊಂದು ಮನ್ಯಾಗ ಉಳದು ಸಣ್ಣವನ್ನ ಸಾಕತಾವ."

"ಒಲಿ ಮ್ಯಾಲೆ ಹಾಲು ಇಟ್ಟೀನಿ," ಎಂದು ಅತ್ತೆ ಫೋನು ಇಟ್ಟುಬಿಟ್ಟಳು.

ಕಡಲೆ ಕಿತ್ತಾಯಿತು. ಮರಿಗಳ ಕಿವಿ ನೆಟ್ಟಗಾದವು, ಕಣ್ಣು ಹಳದಿಯಾದವು, ಕಾಲು ಮೈಗಿಂತ ಮುಂದೆ ಓಡತೊಡಗಿದವು. ಇಲಿ ಹಿಡಿಯಲು ಹೋಗಿ ಮಣ್ಣು ಮುಕ್ಕಿದವು, ಕಡೆಗೊಮ್ಮೆ ಇಲಿಯನ್ನೂ ಹಿಡಿದವು. ದೊಡ್ಡವುಗಳ ಬೆನ್ನು ಹತ್ತಿ ಹಳ್ಳದ ಆಚೆ ದಂಡೆಯವರೆಗೆ ಹೋಗಿ ಬರುತ್ತಿದ್ದವು. ಯುಗಾದಿಗೆ ಹತ್ತು ದಿನವಿದ್ದಾಗ ಹೀಗೇ ಹೋದವು ಮರಳಿ ಬರಲಿಲ್ಲ. ಅಣ್ಣ ಆವತ್ತೇ ಜೆಸಿಬಿಗೆ ಹೇಳಿದ. ಅತ್ತೆ ಗೆದ್ದಿದ್ದಳು. ಗೆದ್ದವಳು ಮತ್ತೆ ನಾಲ್ಕು ದಿನ ಖಾಲಿ ಬಿಲ ನೋಡುತ್ತ ಅಟ್ಟಣಿಗೆಯಲ್ಲೇ ಕೂತಳು.

ರವಿವಾರ ನಾನು ಊರಿಗೆ ಹೋಗಿ ಅವಳನ್ನು ಇಳಿಸಿ ಮನೆಗೆ ಕರೆದುಕೊಂಡು ಬಂದೆ. "ಹೇಳದ ಹೋದ್ವು ನೋಡು," ಎಂದಳು. "ಐದು ತಿಂಗಳು ಆಗಿದ್ದಿಲ್ಲ ಇನ್ನ."

ನನ್ನವ್ವ ದಿನಾ ಕುಂದಗೋಳಕ್ಕೆ ನೌಕರಿಗೆ ಹೋಗುತ್ತಿದ್ದಳು; ನಾನು ಬೆಳೆದದ್ದು ಈ ಅತ್ತೆಯ ಸೊಂಟದ ಮೇಲೆ. ನಮ್ಮಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಉಡಿ ತುಂಬಿ ಕಳಿಸುತ್ತಾರೆ. ಮನೆಯಿಂದ ಹೋದ ಅಷ್ಟೂ ಹೆಣ್ಣುಮಕ್ಕಳ ಉಡಿಯನ್ನು ಮುತ್ತೈದೆಯರು ತುಂಬಿದರು. ಅತ್ತೆ ಪ್ರತಿ ಸಲ ಅಕ್ಕಿಯ ತಟ್ಟೆ ಹಿಡಿದು ಬದಿಗೆ ನಿಂತಳು. ಎಲ್ಲಿಗೂ ಹೋಗದವಳ ಉಡಿ ಯಾರು ತುಂಬುತ್ತಾರೆ?

ನಾನು ಒಳಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಪ್ಪಸದ ಖಣ ತಟ್ಟೆಗೆ ಹಾಕಿಕೊಂಡು ಬಂದೆ.

"ಅತ್ತಿ, ಸೆರಗು ಒಡ್ಡು."

"ನಂಗ್ಯಾಕ ಬೇ? ಉಡಿ ತುಂಬೂದು ಹೋಗಾಕಿಗೆ. ನಾ ಎಲ್ಲಿ ಹೊಂಟೀನಿ?"

"ಎಲ್ಲಿಗೂ ಹೋಗಲಿಲ್ಲಲ್ಲ ಅತ್ತಿ, ಅದಕ್ಕ."

ಅತ್ತೆ ನನ್ನನ್ನೇ ನೋಡಿದಳು. ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ, ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು.